ಗೋಡೆ ಸರಿಸುವ ಮಾಮ

ಬೆಳಗಿನ ಐದೂವರೆ. ಕಿಟಕಿಯಾಚೆ ಬೀದಿ ದೀಪ ಇನ್ನೂ ಆರಿಲ್ಲ. ಒಳಗೆ ಒಂದು ಮೇಜು, ಮೇಜಿನ ಮೇಲೆ ಹನ್ನೊಂದು ವರ್ಷ ಹಳೆಯ ಕಂಪ್ಯೂಟರು, ಪರದೆಯ ಮೇಲೆ ಒಂದು ಹಸಿರು ಪಟ್ಟಿ. ಪಟ್ಟಿ ಶೇಕಡಾ ಮೂವತ್ತೊಂದರಲ್ಲಿ ನಿಂತಿದೆ. ನಿಂತಿದೆ ಅಂತ ನೋಡುವವರಿಗೆ ಅನ್ನಿಸುತ್ತದೆ, ಅಷ್ಟೆ. ಗೋಡೆ ಮಾಮ ಪರದೆಯನ್ನು ನೋಡುತ್ತಲೇ ಇಲ್ಲ. ಸ್ವಿಚ್ ಬೋರ್ಡಿನ ಪಕ್ಕಕ್ಕೆ ಮೋಟು ಸ್ಟೂಲು ಎಳೆದುಕೊಂಡು, ಗೋಡೆಗೆ ಭುಜ ಕೊಟ್ಟು ಕೂತಿದ್ದಾರೆ. ಡಬ್ಬದೊಳಗಿನ ಡಿಸ್ಕು ಕರಕರ ಅನ್ನುತ್ತಿರುವಷ್ಟು ಹೊತ್ತು ಅವರ ಮುಖ ಸಡಿಲವಾಗಿರುತ್ತದೆ. ಒಂದು ಕ್ಷಣ ಸದ್ದು ನಿಂತರೆ ಉಸಿರೂ ನಿಲ್ಲುತ್ತದೆ.

ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಬಿದ್ದಿದೆ. ಮೇಜಿನ ಕೆಳಗೆ ಬೆಲ್ಟ್ ಬಿಗಿದ ಕಪ್ಪು ಬ್ಯಾಟರಿ ಡಬ್ಬ ಇದೆ. ಕರೆಂಟು ಹೋದರೆ ನಲವತ್ತು ನಿಮಿಷ ಕಾಯುವ ಯುಪಿಎಸ್ಸು. ಹನ್ನೊಂದು ಕಿಲೋ ತೂಕದ ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಅವರು ನಾಲ್ಕೂಕಾಲಿಗೇ ಮನೆ ಬಿಟ್ಟಿದ್ದಾರೆ.

"ಈ ಕೆಲಸಕ್ಕೆ ಬೆಳಗಿನ ಜಾವವೇ ಸರಿ," ಎನ್ನುತ್ತಾರೆ ಮೆಲ್ಲಗೆ. "ಮಿಕ್ಸಿ ಹಾಕಲ್ಲ, ಇಸ್ತ್ರಿ ಹಾಕಲ್ಲ, ಕಸ ಗುಡಿಸೋರು ಪ್ಲಗ್ಗು ಕೀಳಲ್ಲ. ಮನೇಲಿ ಎಲ್ಲರೂ ನಿದ್ದೆ ಮಾಡ್ತಿದ್ರೆ ಡಿಸ್ಕಿಗೆ ಕ್ಷೇಮ."

ಈ ಮನೆಯಲ್ಲಿ ಮಾತ್ರ ಯಾರೂ ನಿದ್ದೆ ಮಾಡುತ್ತಿಲ್ಲ. ಅಕ್ಕತಂಗಿಯರಿಬ್ಬರೂ ಮಂಚದ ಅಂಚಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು ಪಟ್ಟಿಯನ್ನೇ ನೋಡುತ್ತಿದ್ದಾರೆ.

ಬೀದಿಬೀದಿಯ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಇವರು ಗೋಡೆ ಮಾಮ. ವಯಸ್ಸು ಐವತ್ತಾರು. ಬಾಗಿಲು ಮುಚ್ಚಿದ ಒಂದು ಪ್ರೆಸ್ಸಿನಲ್ಲಿ ಹದಿನೇಳು ವರ್ಷ ಕರಡು ತಿದ್ದಿದವರು. ಅಲ್ಲಿಯ ಕಂಪ್ಯೂಟರು ಕೆಟ್ಟಾಗಲೆಲ್ಲ ಬಿಚ್ಚಿ ನೋಡಿ ನೋಡಿ ಕಲಿತ ವಿದ್ಯೆ ಇದು. ದಿನಕ್ಕೆ ಎರಡು ಮೂರು ಮನೆಗಳಲ್ಲಿ ಧೂಳು ಹೊಡೆಯುವುದು, ಫ್ಯಾನು ಬದಲಿಸುವುದು, ಬೋಲ್ಟು ಬಿಗಿಯುವುದು ಇದ್ದೇ ಇರುತ್ತದೆ. ವಾರಕ್ಕೊಂದೋ ಎರಡೋ ಬೆಳಗು ಮಾತ್ರ ಇಂಥ ಕೆಲಸ: ಒಂದೇ ಹಾರ್ಡ್ ಡಿಸ್ಕಿನೊಳಗೆ ಮಾಡಿಟ್ಟ ಭಾಗಗಳನ್ನು ಹಿಗ್ಗಿಸುವುದು, ಕುಗ್ಗಿಸುವುದು.

"ಒಂದೇ ಮನೆ, ಎರಡು ಕೋಣೆ ಅಂತ ಇಟ್ಕೊಳ್ಳಿ," ಎಂದು ಎಲ್ಲ ಮನೆಯಲ್ಲೂ ಹೇಳುವುದನ್ನೇ ಇಲ್ಲೂ ಹೇಳುತ್ತಾರೆ. "ಮೊದಲನೇದು ಸಿ. ಇಕ್ಕಟ್ಟು, ಕಾಲಿಡೋಕೆ ಜಾಗ ಇಲ್ಲ. ಪಕ್ಕದ್ದು ಡಿ. ಅಗಲವಾಗಿದೆ. ಮಧ್ಯದ ಗೋಡೇನ ಆ ಕಡೆ ತಳ್ಳಬೇಕು. ಆದ್ರೆ ಗೋಡೆಗೆ ಒರಗಿಸಿ ಸಾಮಾನು ಇಟ್ಟಿರ್ತಾರಲ್ಲ? ಅದನ್ನ ಒಂದೊಂದೇ ಎತ್ತಿ ಆ ಮೂಲೇಲಿ ಜೋಡಿಸ್ಬೇಕು. ಎತ್ತಿದ್ದು ಕೈಯಲ್ಲಿರುವಾಗ ಕರೆಂಟು ಹೋಯ್ತೋ, ಅದು ಈ ಕೋಣೇಲೂ ಇಲ್ಲ, ಆ ಕೋಣೇಲೂ ಇಲ್ಲ."

ಇಲ್ಲಿ ಗೋಡೆ ಸರಿಯಬೇಕಾದ ಕಾರಣವೇ ಬೇರೆ. ತಂಗಿ ಇಪ್ಪತ್ತಾರು ವರ್ಷ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳಿದವರು. ಯಾವ ಗಾಡಿ ಎಷ್ಟು ತಡ, ಯಾವುದು ಯಾವ ಪ್ಲಾಟ್‌ಫಾರ್ಮಿಗೆ ಎನ್ನುವುದನ್ನು ಊರಿಗೆಲ್ಲ ತಿಳಿಸುತ್ತಿದ್ದ ಗಂಟಲು ಅದು. ಮೂರು ವರ್ಷದ ಹಿಂದೆ ಆ ಗಂಟಲಿಗೆ ಗಡ್ಡೆಯಾಯಿತು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಪರೇಶನ್ನಿಗೆ ಮುಂಚಿನ ಹದಿನೈದು ದಿನ ಅವರು ಆಸ್ಪತ್ರೆಯವರು ಕೊಟ್ಟ ಪಟ್ಟಿ ಹಿಡಿದು ಎರಡು ಸಾವಿರದ ನೂರ ಹದಿನಾಲ್ಕು ವಾಕ್ಯಗಳನ್ನು ಓದಿ ಧ್ವನಿಮುದ್ರಿಸಿದರು. ಈಗ ಒಂದು ತಂತ್ರಾಂಶ ಬಂದಿದೆ. ಆ ವಾಕ್ಯಗಳನ್ನು ಕೇಳಿ ಕಲಿತು, ಇವರು ಟೈಪು ಮಾಡಿದ್ದನ್ನು ಇವರದೇ ದನಿಯಲ್ಲಿ ಹೇಳುತ್ತದಂತೆ. ಅದಕ್ಕೆ ಸಿ ಕೋಣೆಯಲ್ಲಿ ಜಾಗ ಬೇಕು. ಅಲ್ಲಿ ಸೂಜಿ ಹಾಕಲೂ ಜಾಗವಿಲ್ಲ. ಪಕ್ಕದ ಡಿ ಕೋಣೆಯಲ್ಲಿ, ಗೋಡೆಗೆ ಒರಗಿಕೊಂಡೇ, ಆ ವಾಕ್ಯಗಳಿವೆ. ನಿನ್ನೆ ಗೋಡೆ ಮಾಮ ತಮ್ಮ ಡಿಸ್ಕಿಗೆ ಮಾಡಿಕೊಂಡ ನಕಲು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ಕಂಪ್ಯೂಟರ್ ಅಂಗಡಿಯವರಿಬ್ಬರು ಬಂದು ನೋಡಿ, "ಎಲ್ಲ ಅಳಿಸಿ ಫಾರ್ಮ್ಯಾಟ್ ಹೊಡೆದುಬಿಡೋಣ," ಎಂದಿದ್ದರಂತೆ.

"ಹೊಡೆಯೋ ಮಾತೇ ಆಡ್ಬೇಡಿ ಅಂತ ಬಾಗಿಲು ತೋರಿಸ್ದೆ," ಎನ್ನುತ್ತಾರೆ ಅಕ್ಕ. ಗೋಡೆ ಮಾಮನಿಗಿಂತ ಆರು ವರ್ಷ ದೊಡ್ಡವರು. ಆದರೂ ಬಾಯ್ತುಂಬ ಮಾಮ ಎಂದೇ ಕರೆಯುತ್ತಾರೆ. "ಇವಳ ಪಾಲಿನ ಮಾತೂ ನಾನೇ ಆಡ್ಬೇಕಲ್ಲ ಮಾಮ, ಡಬಲ್ ಡ್ಯೂಟಿ."

ತಂಗಿ ಮಡಿಲಲ್ಲಿದ್ದ ಪುಟ್ಟ ಹಲಗೆಯ ಮೇಲೆ ಬರೆದು ತಿರುಗಿಸುತ್ತಾರೆ: 'ಮೊದಲೂ ನೀನೇ ಆಡ್ತಿದ್ದೆ.'

ಗೋಡೆ ಮಾಮ ನಗುತ್ತಾರೆ. ನಗುವಾಗಲೂ ಕೈ ಸ್ವಿಚ್ಚಿನ ಪಕ್ಕದಿಂದ ಕದಲುವುದಿಲ್ಲ.

ಅವರ ಕೆಲಸದಲ್ಲಿ ಎರಡು ಕಟ್ಟುನಿಟ್ಟುಗಳಿವೆ. ಒಂದು, ಇರುವುದನ್ನೆಲ್ಲ ತಮ್ಮ ಚೀಲದ ಡಿಸ್ಕಿಗೆ ನಕಲು ಮಾಡದೆ ಗೋಡೆ ಮುಟ್ಟುವುದಿಲ್ಲ. ಇನ್ನೊಂದಕ್ಕೆ ಜನ ಬೇಸರಪಡುತ್ತಾರೆ: ಕೆಲಸಕ್ಕೆ ಮುಂಚೆ ಮನೆಯವರೆಲ್ಲ ಎದುರಿಗೆ ಕೂರಬೇಕು. ಒಬ್ಬರು ಸಾಲದು. ಒಂದೊಂದೇ ಭಾಗವನ್ನು ತೆರೆದು ಇದು ಯಾರದು, ಇದರಲ್ಲಿ ಏನಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹಾಡಿದ್ದರೆ ಕೇಳಬೇಕು, ಫೋಟೋ ಇದ್ದರೆ ನೋಡಬೇಕು. ಯಾರೋ ಒಬ್ಬರು ಕೆಲಸಕ್ಕೆ ಹೋಗಿದ್ದಾರೆ ಅಂದರೆ ಅವರು ಬರುವವರೆಗೆ ಗೋಡೆ ಮಾಮ ಜಗಲಿಯ ಮೇಲೆ ಕಾಯುತ್ತಾರೆ.

"ಹದಿನಾಲ್ಕು ವರ್ಷದ ಹಿಂದೆ ಕಾಯಲಿಲ್ಲ," ಎನ್ನುತ್ತಾರೆ. ಅಷ್ಟು ಹೇಳಿ ಡಿಸ್ಕಿನ ಸದ್ದು ಕೇಳುತ್ತಾರೆ. ಆಮೇಲೆ ಮುಂದುವರಿಸುತ್ತಾರೆ.

ಅವತ್ತಿನ ಮನೆಯಲ್ಲಿ ಗಂಡ ಕೆಲಸಕ್ಕೆ ಹೋಗಿದ್ದರು, ಹೆಂಡತಿ ಒಬ್ಬರೇ ಇದ್ದರು. ಅಲ್ಲೂ ಸಿ ತುಂಬಿ ಉಸಿರುಗಟ್ಟಿತ್ತು. ಅದರ ಪಕ್ಕದಲ್ಲಿ ಒಂದು ಭಾಗವಿತ್ತು. ಅದಕ್ಕೆ ಸಿ, ಡಿ ಎಂಬಂಥ ಅಕ್ಷರವಿಲ್ಲ, ಹೆಸರಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದರೆ ಕಾಣುವುದೂ ಇಲ್ಲ. ಕಂಪನಿಯವರು ಬಿಟ್ಟ ಯಾವುದೋ ಹಳೆಯ ಕಸ ಎಂದುಕೊಂಡರು. ಕೇಳಿದಾಗ ಆ ಹೆಣ್ಣುಮಗಳು, "ನಂಗೇನೂ ಗೊತ್ತಿಲ್ಲಪ್ಪ, ನೀವೇ ನೋಡಿ ಮಾಡಿ," ಎಂದರು. ಇವರು ಅದನ್ನು ಅಳಿಸಿ ಸಿ ಜೊತೆ ಸೇರಿಸಿಬಿಟ್ಟರು.

"ಹನ್ನೆರಡು ಸೆಕೆಂಡು. ಪಟ್ಟಿ ಕೂಡ ಬರಲಿಲ್ಲ. ಟೀ ಕುಡಿದು ಬಂದೆ."

ಸಂಜೆ ಗಂಡ ಮನೆಗೆ ಬಂದು ಇವರನ್ನು ಕರೆಸಿದರು. ಕೂಗಾಡಲಿಲ್ಲ. ಆರು ವರ್ಷದ ಮಗಳು ತೀರಿಹೋದ ಮೇಲೆ, ಹೆಂಡತಿ ಹೊತ್ತುಹೊತ್ತಿಗೂ ಫೋಟೋ ತೆರೆದು ಅಳುತ್ತಾರೆ ಅಂತ, ಆ ಭಾಗದ ಅಕ್ಷರವನ್ನು ತೆಗೆದು ಮರೆಮಾಡಿಟ್ಟವರು ಅವರೇ. ಮಗುವಿನ ಆರೂ ವರ್ಷ ಅದರಲ್ಲಿತ್ತು. ಎಲ್ಲ ಕೇಳಿ ಅವರು ಹೇಳಿದ್ದು ಒಂದೇ ಮಾತು.

"'ಅವಳು ಒಂದೇ ಸಲ ಹೋದಳು ಅನ್ಕೊಂಡಿದ್ದೆ' ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಬೈಗುಳ ಆದ್ರೆ ಮರೆತುಹೋಗುತ್ತೆ."

ಗೋಡೆ ಮಾಮ ಆ ಸಂಜೆಯೇ ಹೊಸ ಡಿಸ್ಕು ತಂದು ಹಾಕಿಕೊಟ್ಟು ಹಳೆಯದನ್ನು ಕೇಳಿ ಪಡೆದುಕೊಂಡು ಬಂದರು. ಅದರ ಮೇಲೆ ಅಂದಿನಿಂದ ಒಂದಕ್ಷರವನ್ನೂ ಬರೆದಿಲ್ಲ. ಹೊಸದಾಗಿ ಬರೆದರೆ ಅಡಿಯಲ್ಲಿ ಉಳಿದಿದ್ದೂ ಅಳಿಯುತ್ತದೆ. ತಮ್ಮ ಮನೆಯ ಬೀರುವಿನಲ್ಲಿ, ತಮ್ಮ ಹೆಂಡತಿಯ ಬಟ್ಟೆಗಳ ನಡುವೆ, ಹತ್ತಿಯಲ್ಲಿ ಸುತ್ತಿಟ್ಟಿದ್ದಾರೆ. ಕಳೆದದ್ದನ್ನು ಹುಡುಕುವ ಹೊಸ ತಂತ್ರಾಂಶ ಯಾವುದು ಬಂದರೂ ಒಂದು ಭಾನುವಾರ ಅದನ್ನು ಹೊರಗೆ ತೆಗೆಯುತ್ತಾರೆ.

"ಅದು ನನಗೆ ಸವತಿ," ಎಂದು ಅವರ ಹೆಂಡತಿ ಕಂಡವರ ಮುಂದೆಲ್ಲ ಹೇಳುತ್ತಾರೆ. "ನನ್ನ ರೇಷ್ಮೆ ಬಟ್ಟೆಗೂ ಹತ್ತಿ ಸುತ್ತಿದವರಲ್ಲ ಇವರು."

ಹದಿನಾಲ್ಕು ವರ್ಷದಲ್ಲಿ ಸಿಕ್ಕಿದ್ದು ನಲವತ್ತೊಂದು ಫೋಟೋ. ಒಂದೂ ಪೂರ್ತಿಯಿಲ್ಲ. ಮೇಲಿನ ಅರ್ಧ ಸರಿಯಾಗಿದೆ, ಅಲ್ಲಿಂದ ಕೆಳಕ್ಕೆ ಬೂದು ಬಣ್ಣ. ಒಂದರಲ್ಲಿ ಎರಡು ಜಡೆ, ಹಣೆ, ಅರಳಿದ ಕಣ್ಣು ಇವೆ. ಬಾಯಿ ಇರಬೇಕಾದ ಕಡೆ ಬೂದು. ಇನ್ನೊಂದರಲ್ಲಿ ಗಾಳಿಯಲ್ಲಿ ಎತ್ತಿದ ಎರಡು ಪುಟ್ಟ ಕೈ ಮಾತ್ರ. ಕೊಟ್ಟುಬಿಡಿ ಎಂದು ಹೆಂಡತಿ ಪ್ರತಿವರ್ಷ ಹೇಳುತ್ತಾರೆ. ಇವರು ಕೊಟ್ಟಿಲ್ಲ. "ಅರ್ಧ ಮುಖ ತಗೊಂಡು ಹೋಗಿ ಕೊಟ್ರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ಇನ್ನೊಂದರ್ಧವೂ ಸಿಗಲಿ ಅಂತ ಕಾಯ್ತಿದ್ದೆ." ಆ ಮನೆಯ ಬೀದಿಯಲ್ಲಿ ಕೆಲಸ ಬಂದರೂ ಒಪ್ಪಿಕೊಳ್ಳುವುದಿಲ್ಲ. ಸೈಕಲ್ಲು ಸುತ್ತು ಬಳಸಿ ಹೋಗುತ್ತದೆ.

ಪಟ್ಟಿ ಈಗ ಐವತ್ತೆಂಟಕ್ಕೆ ಬಂದಿದೆ. ಕಿಟಕಿ ಬೆಳ್ಳಗಾಗಿದೆ.

ನಿನ್ನೆ ಮಧ್ಯಾಹ್ನ ಇದೇ ಮೇಜಿನ ಮುಂದೆ ಅಕ್ಕತಂಗಿಯರನ್ನು ಕೂರಿಸಿಕೊಂಡು ಗೋಡೆ ಮಾಮ ಡಿ ಕೋಣೆ ತೆರೆಸಿದ್ದರು. ಮೊದಲು ಅಕ್ಕ ಕೂಡಿಟ್ಟ ಟೀವಿ ಧಾರಾವಾಹಿಗಳು. ಆರುನೂರು ಕಂತಿನ ಒಂದನ್ನು ತೋರಿಸಿ, ಅಳಿಸಿದರೆ ಕೆಲಸ ಬೇಗ ಆಗುತ್ತದೆ ಎಂದಾಗ ಅಕ್ಕ ಬಹಳ ಯೋಚಿಸಿ, "ಅಳಿಸಿ. ಆ ಸೊಸೆ ಹೇಗಿದ್ರೂ ಗೆಲ್ಲಲ್ಲ," ಎಂದಿದ್ದರು. ಆಮೇಲೆ ವಾಕ್ಯಗಳು. 'ಏಳು ಹಳದಿ ಕುರ್ಚಿಗಳು ಸಾಲಾಗಿ ನಿಂತಿವೆ.' 'ನನಗೆ ಕೋಪ ಬಂದಿಲ್ಲ, ಬಾಗಿಲು ಹಾಕಿ.' ತುಂಬಿದ, ಸ್ವಲ್ಪವೂ ಅವಸರವಿಲ್ಲದ ದನಿ. ಮೂರು ವರ್ಷದಿಂದ ಇಬ್ಬರೂ ಅದನ್ನು ಕೇಳಿರಲಿಲ್ಲ. ಧೈರ್ಯ ಬಂದಿರಲಿಲ್ಲ.

ಕೊನೆಯಲ್ಲಿ ಒಂದು ಜೋಗುಳವಿತ್ತು. ತಂಗಿಯ ಮಗಳು ಆಗ ತುಂಬು ಬಸುರಿ. ಹುಟ್ಟಲಿರುವ ಮಗುವಿಗೆಂದು ಆಪರೇಶನ್ನಿನ ಹಿಂದಿನ ಸಂಜೆ ತಂಗಿ ಸ್ಟೇಶನ್ನಿನ ಮೈಕಿನ ಮುಂದೆ ಹಾಡಿಟ್ಟದ್ದು. ನಾಲ್ಕು ನಿಮಿಷದ ಹಾಡು ಎಂದು ಪರದೆ ತೋರಿಸುತ್ತಿತ್ತು. ನಲವತ್ತು ಸೆಕೆಂಡಿಗೆ ದನಿ ನಿಂತಿತು. ಸ್ಪೀಕರು ಸರಿಯಿತ್ತು, ತಂತಿ ಸರಿಯಿತ್ತು. ಗೋಡೆ ಮಾಮ ಕಡತವನ್ನು ಬಿಚ್ಚಿ ನೋಡಿದರು. ಉಳಿದ ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಜಾಗದಲ್ಲಿ ಬರೀ ಸೊನ್ನೆಗಳು. ನಕಲಾಗುತ್ತಿರುವಾಗಲೇ ಪೆನ್ ಡ್ರೈವನ್ನು ಯಾರೋ ಕಿತ್ತಿದ್ದಾರೆ ಎಂದು ಅವರಿಗೆ ಗೊತ್ತಾಯಿತು. ಹೇಳುವುದೋ ಬಿಡುವುದೋ ತಿಳಿಯದೆ ಸ್ಪೀಕರಿನ ತಂತಿಯನ್ನೇ ಮತ್ತೊಮ್ಮೆ ಬಿಚ್ಚಿ ಚುಚ್ಚಿದರು.

ಅಕ್ಕನೇ ಹೇಳಿದರು. "ನಾನು ಕಿತ್ತಿದ್ದು. ಆಸ್ಪತ್ರೆಗೆ ಕಾರು ಬಂದು ಹಾರ್ನ್ ಹೊಡೀತಿತ್ತು. ಸ್ಟೇಶನ್ನಿನವರ ಪೆನ್ ಡ್ರೈವು, ದಾರೀಲಿ ವಾಪಸ್ ಕೊಡ್ಬೇಕಿತ್ತು. ವಾಕ್ಯ ಎಲ್ಲ ಬಂದಿದ್ವು, ಪಟ್ಟಿ ಮುಗೀತಾ ಬಂದಿತ್ತು ಮಾಮ, ಆಗೇಹೋಯ್ತು ಅನ್ಕೊಂಡೆ."

ಆ ಪೆನ್ ಡ್ರೈವು ಎಂದೋ ಅಳಿಸಿಹೋಗಿದೆ. ಹೊಸ ತಂತ್ರಾಂಶ ಮಾತಾಡುತ್ತದೆ, ಹಾಡುವುದಿಲ್ಲ. ಎರಡು ಪಾಲಿನ ಮಾತಾಡುವ ಅಕ್ಕ ನಿನ್ನೆ ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ತಂಗಿ ಹಲಗೆಯ ಮೇಲೆ ಬರೆದು ಅಕ್ಕನ ಮೊಣಕಾಲ ಮೇಲೆ ಇಟ್ಟರು: 'ಅರ್ಧ ಇದೆಯಲ್ಲ. ಅದು ಬೇಕು. ಅಳಿಸಬೇಡ.'

ಗೋಡೆ ಮಾಮ ಅದನ್ನು ಓದಿದರು. ಸೈಕಲ್ಲಿನಲ್ಲಿ ಮನೆಗೆ ಹೋಗುವಾಗಲೂ ಮನಸ್ಸಿನಲ್ಲಿ ಓದಿಕೊಂಡರು.

ಎಂಟೂ ಹತ್ತಕ್ಕೆ ಪಟ್ಟಿ ಪೂರ್ತಿಯಾಗುತ್ತದೆ. ಯಂತ್ರ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಪರದೆ ಕಪ್ಪಗಿರುವ ಆ ಇಪ್ಪತ್ತು ಸೆಕೆಂಡು ಅಕ್ಕ ಗೋಡೆ ಮಾಮನ ಅಂಗಿಯ ತೋಳು ಹಿಡಿದುಕೊಂಡಿರುತ್ತಾರೆ. ಗೋಡೆ ಸರಿದಿದೆ. ಸಿ ಕೋಣೆಗೆ ಬೇಕಾದಷ್ಟು ಜಾಗವಾಗಿದೆ. ಡಿ ಕೋಣೆಯ ವಾಕ್ಯಗಳನ್ನು ನಕಲಿನೊಂದಿಗೆ ಹೋಲಿಸಿ ಎಣಿಸುತ್ತಾರೆ: ಎರಡು ಸಾವಿರದ ನೂರ ಹದಿನಾಲ್ಕು, ಮತ್ತೆ ಒಂದು. ಎಲ್ಲ ಇವೆ.

"ಈಗ ಎಲ್ಲರೂ ಕೂತು ಒಂದ್ಸಲ ಕೇಳ್ಬೇಕು," ಎನ್ನುತ್ತಾರೆ. ಮುಗಿದ ಮೇಲೂ ಇದೊಂದು ಕಟ್ಟಳೆ.

ತಂಗಿ ತಾವೇ ಮೌಸನ್ನು ಹಿಡಿದು, ಕಟ್ಟಕಡೆಯದನ್ನು ಒತ್ತುತ್ತಾರೆ. ಜೋಗುಳ ಶುರುವಾಗುತ್ತದೆ. ನಲವತ್ತು ಸೆಕೆಂಡು ಕೋಣೆ ತುಂಬ ಆ ದನಿ. ಅಲ್ಲಿಗೆ ಅದು ನಿಲ್ಲುತ್ತದೆ. ತಂಗಿಯ ತುಟಿ ಮಾತ್ರ ನಿಲ್ಲುವುದಿಲ್ಲ. ಕಣ್ಣು ಮುಚ್ಚಿ, ತಲೆಯನ್ನು ತುಸುವೇ ತೂಗುತ್ತಾ ಅವರು ಸದ್ದಿಲ್ಲದೆ ಮುಂದಿನ ಸಾಲು ಹಾಡುತ್ತಾರೆ, ಅದರ ಮುಂದಿನದನ್ನೂ. ಪರದೆಯ ಮೇಲೆ ಸೊನ್ನೆಗಳ ನೆಟ್ಟನೆಯ ಗೆರೆ ಸರಿಯುತ್ತಿದೆ. ಮೂರು ನಿಮಿಷ ಇಪ್ಪತ್ತು ಸೆಕೆಂಡು ಯಾರೂ ಅಲ್ಲಾಡುವುದಿಲ್ಲ. ಗೆರೆ ಮುಗಿಯುವುದಕ್ಕೂ ತುಟಿ ನಿಲ್ಲುವುದಕ್ಕೂ ಸರಿಹೋಗುತ್ತದೆ. ಅಕ್ಕ ಎದ್ದು ಮುಖ ತೊಳೆಯಲು ಹೋಗುತ್ತಾರೆ. ನೀರು ಬಹಳ ಹೊತ್ತು ಸುರಿಯುತ್ತದೆ.

ಗೋಡೆ ಮಾಮ ಸ್ವಿಚ್ಚಿನ ಅಂಟುಪಟ್ಟಿಯನ್ನು ಉಗುರಿನಿಂದ ಬಿಡಿಸುತ್ತಾರೆ, ಹನ್ನೊಂದು ಕಿಲೋ ಎತ್ತಿ ಸೈಕಲ್ಲಿಗೆ ಕಟ್ಟುತ್ತಾರೆ. ಮುಂದಿನ ಮನೆ ಎಲ್ಲಿ ಎಂದರೆ, ಇವತ್ತು ಕೆಲಸ ಒಪ್ಪಿಕೊಂಡಿಲ್ಲ ಎನ್ನುತ್ತಾರೆ. ನಿನ್ನೆ ಸಂಜೆ ಸ್ಟುಡಿಯೋದಲ್ಲಿ ನಲವತ್ತೊಂದು ಫೋಟೋಗಳನ್ನೂ ದಪ್ಪ ಕಾಗದದ ಮೇಲೆ ತೆಗೆಸಲು ಕೊಟ್ಟುಬಂದಿದ್ದಾರೆ. ಬೂದು ಭಾಗ ಕತ್ತರಿಸಲೇ ಎಂದು ಸ್ಟುಡಿಯೋದವನು ಕೇಳಿದನಂತೆ. ಬೇಡ, ಹಾಗೇ ಇರಲಿ ಎಂದರಂತೆ. ಈಗ ಅವನ್ನು ತೆಗೆದುಕೊಂಡು ಆ ಬೀದಿಗೆ ಹೋಗಬೇಕು.

"ಅವರು ಮಾತಾಡಿಸದಿದ್ರೂ ಪರವಾಗಿಲ್ಲ. ಬಾಗಿಲು ತೆಗೆದ್ರೆ ಸಾಕು." ಪೆಡಲಿನ ಮೇಲೆ ಕಾಲಿಡುತ್ತಾರೆ. "ನಾನೊಬ್ಬ ಪೆದ್ದ, ಇಷ್ಟು ವರ್ಷ ಪೂರ್ತಿ ಮಾಡ್ಕೊಂಡೇ ಹೋಗ್ಬೇಕು ಅನ್ಕೊಂಡಿದ್ದೆ. ಉಳಿದರ್ಧ ಆ ತಾಯಿಗೆ ಗೊತ್ತಿರುತ್ತೆ."