ಅಕ್ಕಿಕಾಳಿಗೆ ಮುಂಚೆ ಜಾಝ್

ನನ್ನ ಅಣ್ಣ ಕ್ಲಾರಿನೆಟ್ ಊದುವುದನ್ನು ಕೇಳಿದ ಜನ ಏನೇನು ಅಂದರು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಇತ್ತು. ಹೊಗಳಿಕೆ ಮಾತ್ರ ಬರೆಯುವುದಾದರೆ ಪೋಸ್ಟ್ ಕಾರ್ಡಿನ ಅರ್ಧ ಸಾಕು, ಉಳಿದರ್ಧದಲ್ಲಿ ಎಲ್ಲರ ಕ್ಷೇಮ ಕೇಳಬಹುದು. ಬಾಕಿಯದನ್ನೂ ಬರೆಯುವುದಿದೆ, ಅದಕ್ಕೇ ಇಷ್ಟು ಕಾಗದ ತೆಗೆದುಕೊಂಡು ಕೂತಿದ್ದೇನೆ.

ಬಸವಕಲ್ಯಾಣದಲ್ಲಿ ನಮ್ಮಪ್ಪನದು ಮದುವೆ ಬ್ಯಾಂಡು. ಮಳೆಗಾಲದಲ್ಲಿ ಹೊಲ, ಬೇಸಿಗೆಯಲ್ಲಿ ಢೋಲು. ಊರಿಗೆ ಹೊಸ ಹೆಸರು ಬಂದು ಎಷ್ಟೋ ವರ್ಷವಾದರೂ ಅಪ್ಪ ಕಲ್ಯಾಣಿ ಎಂದೇ ಅನ್ನುತ್ತಿದ್ದ. ಹೊಸದೆಂದರೆ ಅವನಿಗೆ ಅಷ್ಟಕ್ಕಷ್ಟೇ. ಜನ ಯಾವ ಹಾಡು ಕೇಳಿದರೋ ಅದನ್ನು ಸೀದಾ ಬಾರಿಸಬೇಕು, ಉಂಡು ಮನೆಗೆ ಬರಬೇಕು. ಅವನ ಸಂಗೀತಶಾಸ್ತ್ರ ಇಷ್ಟೇ, ಮತ್ತು ಇಷ್ಟರಲ್ಲೇ ನಮ್ಮನ್ನೆಲ್ಲ ಸಾಕಿದ.

ಅಣ್ಣ ಹದಿಹರೆಯದಲ್ಲಿ ಮುಂಬೈಗೆ ಹೋಗಿ, ಅಲ್ಲಿನ ಹೋಟೆಲೊಂದರ ಬ್ಯಾಂಡಿನಲ್ಲಿ ಕೆಲವು ವರ್ಷ ಕ್ಲಾರಿನೆಟ್ ಊದಿ, ಎಪ್ಪತ್ತರ ದಶಕದ ಶುರುವಿನಲ್ಲಿ ವಾಪಸು ಬಂದ. ಬರುವಾಗ ದೊಡ್ಡ ಕಾಲರಿನ ಅಂಗಿಯೊಂದನ್ನೂ ಜಾಝ್ ಎಂಬ ರೋಗವೊಂದನ್ನೂ ತಂದ. ಅದೂ ಸಾದಾ ಜಾಝ್ ಅಲ್ಲ. ಹಾಡೂ ಇಲ್ಲದ, ತಾಳವೂ ಇಲ್ಲದ, ಆ ಗಳಿಗೆಗೆ ತೋಚಿದ್ದನ್ನು ಊದುವ ಹೊಸ ತಳಿ. ಹೋಟೆಲಿನ ಗಿರಾಕಿಗಳೆಲ್ಲ ಎದ್ದುಹೋದ ಮೇಲೆ ವಾದಕರು ತಮ್ಮತಮ್ಮೊಳಗೆ ಹೀಗೆ ಬಾರಿಸುತ್ತಿದ್ದರಂತೆ. ಗಿರಾಕಿಗಳು ಇದ್ದಾಗ ಯಾಕೆ ಬಾರಿಸುತ್ತಿರಲಿಲ್ಲ ಎಂದು ನಾವು ಅವತ್ತೇ ಕೇಳಬೇಕಿತ್ತು.

"ಅಲ್ಲಿ ಮುಂದ ಏನ್ ಬರ್ತದಂತ ಬಾರ್ಸೋರಿಗೇ ಗೊತ್ತಿರಂಗಿಲ್ಲಪ್ಪಾ," ಎಂದು ಅಣ್ಣ ಕಣ್ಣರಳಿಸಿ ವಿವರಿಸಿದ. "ಒಬ್ಬಾಂವ ಏನರೆ ಒಂದು ಕೇಳ್ತಾನ, ಇನ್ನೊಬ್ಬಾಂವ ಜವಾಬ್ ಕೊಡ್ತಾನ. ಅಂವ ಅದಕ್ಕ ಮತ್ತೊಂದು ಅಂತಾನ."

"ನಮ್ಮ ಕಡಿ ಇದಕ್ಕ ಜಗಳ ಅಂತಾರ," ಎಂದು ಅಪ್ಪ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡ.

ಆದರೂ ಮಗ. ಬ್ಯಾಂಡಿನ ಕ್ಲಾರಿನೆಟ್ಟನ್ನು ಅವನ ಕೈಗೇ ಕೊಟ್ಟ. ಮೊದಲ ಬೇಸಿಗೆಯಲ್ಲೇ ಶ್ರೋತೃಗಳ ಅಭಿಪ್ರಾಯಗಳು ಬರತೊಡಗಿದವು. ಮಂಠಾಳದ ಮೆರವಣಿಗೆಯಲ್ಲಿ ಒಂದು ಹಾಡಿನ ನಡುವೆ ಅಣ್ಣ ಹಾದಿ ಬಿಟ್ಟು ಎತ್ತಲೋ ಹೋದ. ಅವನ ಹಿಂದೆ ಮದುಮಗ ಕೂತಿದ್ದ ಕುದುರೆಯೂ ಹಾದಿ ಬಿಟ್ಟು ಹೋಯಿತು. ಮೋರಖಂಡಿಯಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಮುದುಕನೊಬ್ಬ ಕುರಿಗಳನ್ನೆಲ್ಲ ಬಿಟ್ಟು ಓಡಿಬಂದು, "ಯಾರಿಗೆ ಏನಾಗ್ಯಾದ್ರಿ?" ಎಂದು ಕೇಳಿದ. ಏನೂ ಆಗಿಲ್ಲ, ಮದುವೆ ಎಂದರೆ ನಂಬಲಿಲ್ಲ. ಹುಡಗಿ ಎಂಬ ಊರಿನಲ್ಲಿ ಒಬ್ಬ ಮುದುಕಿ ಅಣ್ಣನ ಹಣೆಗೆ ಭಂಡಾರ ಹಚ್ಚಿ, ಗಾಳಿ ಸೋಂಕಿದೆ, ಅಮಾವಾಸ್ಯೆಗೆ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದಳು. ಅವನ ಊದುವಿಕೆಗೆ ಮನಸ್ಸಿಟ್ಟು ಕುಣಿದವರೆಂದರೆ ಕುಡಿದವರು ಮಾತ್ರ. ಅವರು ಬ್ಯಾಂಡ್ ನಿಂತ ಮೇಲೂ ಕುಣಿಯುತ್ತಿದ್ದರು, ಆದ್ದರಿಂದ ಅವರ ಮತವನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

ನನಗೆ ಅರ್ಥವಾಗುತ್ತಿತ್ತೇ ಎಂದು ಕೇಳಬೇಡಿ. ಅಣ್ಣ ಹಿತ್ತಲಿನಲ್ಲಿ ಊದುವಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿಯ ಸದ್ದೇ ಹೆಚ್ಚು ಇಂಪಾಗಿತ್ತು ಎಂದು ಅವನ ಮುಖದ ಮೇಲೇ ಹೇಳಿದ್ದೇನೆ. ಅವನು ನಕ್ಕು, "ನೀ ಬಡೀ, ನಾ ಊದತೀನಿ," ಎಂದು ಅದಕ್ಕೂ ಜವಾಬು ಊದಲು ಶುರುಮಾಡಿದ. ಇಂಥವನ ಹತ್ತಿರ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ?

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಹುಡುಗ ಹುಮನಾಬಾದಿನವರು, ಬಸ್ ರಿಪೇರಿ ಕೆಲಸ. ಬೀಗರ ಕಡೆಯ ಹಿರಿಯರು ಎಲ್ಲ ಮಾತು ಮುಗಿಸಿ, ಚಹಾ ಕುಡಿದು, ಚಪ್ಪಲಿ ಹಾಕಿಕೊಳ್ಳುವಾಗ ಒಂದು ಮಾತು ಹೇಳಿದರು: "ಬ್ಯಾಂಡ್ ನಿಮ್ಮದೇ ಇರ್ಲ್ರಿ. ಆದ್ರ ನಿಮ್ಮ ಹಿರಿ ಮಗ ಬಾರ್ಸೂದು ಬ್ಯಾಡ." ಅಂದರೆ ಅಣ್ಣನ ಕೀರ್ತಿ ಹುಮನಾಬಾದನ್ನೂ ಮುಟ್ಟಿತ್ತು. ಕಲಾವಿದರು ಇದಕ್ಕಾಗಿಯೇ ತಾನೇ ಜೀವ ತೇಯುವುದು?

ತಂಗಿಯ ಮದುವೆಯಲ್ಲಿ ಅಣ್ಣ ಊದಬಾರದೆಂದರೆ ಹೇಗೆ? ನಾನು ಅವ್ವನ ಮುಂದೆ ಅತ್ತೆ. ಅವ್ವ ಅಪ್ಪನ ಮುಂದೆ ಅತ್ತಳು. ಕೊನೆಗೆ ಅಪ್ಪ ಅಣ್ಣನನ್ನು ಕರೆದು ಒಂದು ಷರತ್ತು ಹಾಕಿದ. "ನೋಡಲೇ, ಅಕ್ಕಿಕಾಳು ಬಿದ್ದ ಮ್ಯಾಲ ಒಂದು ಹಾಡು ಬಾರ್ಸು. ಸೀದಾ ಹಾಡು. ಅದ ಬಿಟ್ಟು ನಿನ್ನ ಮುಂಬೈ ಬುದ್ಧಿ ತೋರ್ಸಿದಿ ಅಂದ್ರ ಅವತ್ತಿಗೆ ಕ್ಲಾರಿನೆಟ್ ನನ್ನ ಕೈಯಾಗ ಇಡಬೇಕು. ಮತ್ತ ಎಂದೂ ಮುಟ್ಟಬಾರದು."

"ಆಗ್ಲೆಪ್ಪಾ," ಎಂದ ಅಣ್ಣ. ಅವನ ಮುಖ ಸಣ್ಣದಾಗಿತ್ತು. ನನಗೆ ನನ್ನ ಮದುವೆಗಿಂತ ಅದರದೇ ಭಯ ಹತ್ತಿತು. ಅವನ ಕೈಯಿಂದ ಆ ಕ್ಲಾರಿನೆಟ್ ಹೋದರೆ ಅವನೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಇಲ್ಲಿ ನಮ್ಮ ಕಡೆಯ ಮದುವೆಯ ರೀತಿ ಹೇಳಬೇಕು. ವಧೂವರರ ನಡುವೆ ಬಟ್ಟೆ ಅಡ್ಡ ಹಿಡಿದು ಪುರೋಹಿತರು ಮಂಗಲಾಷ್ಟಕ ಹೇಳುತ್ತಾರೆ. ಅದು ಮುಗಿದಾಗ ಬಟ್ಟೆ ಸರಿಸಬೇಕು, ಬ್ಯಾಂಡ್ ಹೊಡೆಯಬೇಕು, ಎಲ್ಲರೂ ಅಕ್ಕಿಕಾಳು ಹಾಕಬೇಕು. ಆದರೆ ಮಂತ್ರ ಕೇಳಿ ಅಕ್ಕಿಕಾಳು ಹಾಕುವವರು ಮುಂದಿನ ಎರಡು ಸಾಲಿನವರು. ಹಿಂದಿನವರಿಗೆ ಮಂತ್ರ ಕೇಳಿಸುವುದೂ ಇಲ್ಲ, ಬೇಕಾಗಿಯೂ ಇಲ್ಲ. ಅವರು ಬ್ಯಾಂಡ್ ಕೇಳಿ ಕೈಯಲ್ಲಿದ್ದ ಕಾಳನ್ನು ಯಾರದೋ ತಲೆಯ ಮೇಲೆ ಎಸೆದು, ಆ ಕೈ ಝಾಡಿಸುತ್ತಲೇ ಊಟದ ಪಂಕ್ತಿಯ ಕಡೆ ಓಡುತ್ತಾರೆ.

ನನ್ನ ಮದುವೆಯ ಪುರೋಹಿತರಿಗೆ ವಯಸ್ಸಾಗಿತ್ತು. ಎರಡನೆಯ ಪದ್ಯದ ಕೊನೆಯಲ್ಲಿ ದನಿ ಎಳೆದರು. ಎಳೆದ ದನಿ ನಡುವೆ ಒಡೆಯಿತು, ಒಡೆದದ್ದು ಮೇಲೇರಿ ಅಲ್ಲೇ ನಡುಗುತ್ತ ನಿಂತಿತು. ಅಷ್ಟೇ ಸಾಕಾಯಿತು. ಮಂಟಪದ ಬದಿಯಿಂದ ಅಣ್ಣನ ಕ್ಲಾರಿನೆಟ್ ಅದಕ್ಕೆ ಜವಾಬು ಕೊಟ್ಟಿತು.

ಹಿಂದಿನ ಸಾಲಿನವರಿಗೆ ಇನ್ನೇನು ಬೇಕು? ಬ್ಯಾಂಡ್ ಶುರುವಾಯಿತು ಎಂದರೆ ಮದುವೆ ಮುಗಿಯಿತು. ಅಕ್ಕಿಕಾಳು ಸುರಿಯಿತು. ಪುರೋಹಿತರ ತೆರೆದ ಬಾಯಿಗೂ ಒಂದಿಷ್ಟು ಬಿತ್ತು. ಹಿಂದಿನವರು ಓಡಿದ್ದನ್ನು ಕಂಡು ನಡುವಿನವರು, ನಡುವಿನವರನ್ನು ಕಂಡು ಮುಂದಿನವರು ಎದ್ದರು. ನೋಡನೋಡುತ್ತ ಹಂದರ ಖಾಲಿ. ಅಣ್ಣ ಮಾತ್ರ ಕಣ್ಣು ಮುಚ್ಚಿ ಊದುತ್ತಲೇ ಇದ್ದ. ಅವನ ಜನ್ಮದಲ್ಲಿ ಮೊದಲ ಬಾರಿಗೆ ಎದ್ದು ಹೋಗಲಾಗದ ಶ್ರೋತೃಗಳು ಸಿಕ್ಕಿದ್ದರು: ಬಟ್ಟೆಯ ಆಚೆ ಈಚೆ ನಿಂತ ನಾವಿಬ್ಬರು, ಮತ್ತು ಬಟ್ಟೆ ಹಿಡಿದ ಇಬ್ಬರು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಅಳುವನ್ನೇ ಆರಿಸಿಕೊಂಡೆ.

ಅಪ್ಪ ನಡೆದು ಬಂದು ಅಣ್ಣನ ಬಾಯಿಂದಲೇ ಕ್ಲಾರಿನೆಟ್ ಎಳೆದುಕೊಂಡ. ಸದ್ದು ಅರ್ಧಕ್ಕೇ ತುಂಡಾಯಿತು.

"ಮಹಾರಾಜ್ರು ಕೇಳಿದ್ರಪ್ಪಾ. ನಾ ಜವಾಬ್ ಕೊಟ್ಟೆ," ಎಂದ ಅಣ್ಣ, ಪುರೋಹಿತರ ಕಡೆ ಕೈ ತೋರಿಸಿ.

"ನಾ ಯಾರಿಗೂ ಏನೂ ಕೇಳಿಲ್ಲ," ಎಂದು ಪುರೋಹಿತರು ಬಾಯಿಂದ ಅಕ್ಕಿ ಉಗುಳಿದರು. "ಇನ್ನಾ ಮಂತ್ರ ಬಾಕಿ ಅದಾವು. ಮಂದೀನ ಹೊಳ್ಳಿ ಕರೀರಿ."

ಉಣ್ಣಲು ಕೂತವರನ್ನು ಎಬ್ಬಿಸಿ ಕರೆತರುವುದೆಂದರೆ ಸಾಮಾನ್ಯವೇ? ಬಂದವರ ಕೈಯಲ್ಲಿ ಕಾಳಿಲ್ಲ. ಅವ್ವ ಅಡಿಗೆಯವರಿಂದ ಅಕ್ಕಿ ತಂದು, ಅರಿಷಿಣ ಕಲಸಿ, ಹಸಿಹಸಿಯಾಗಿಯೇ ಮತ್ತೆ ಹಂಚಿದಳು. ಬೀಗರ ಕಡೆಯ ಹಿರಿಯರು, "ನಾವು ಮೊದಲೇ ಹೇಳಿದ್ವಿ," ಎಂದು ಒಬ್ಬರಾದ ಮೇಲೆ ಒಬ್ಬರು ಅಪ್ಪನಿಗೆ ಹೇಳಿದರು. ಯಾರ ಪಾಳಿಯೂ ತಪ್ಪಲಿಲ್ಲ. ಮಂಗಲಾಷ್ಟಕ ಮುಗಿಯಿತು, ಕ್ಲಾರಿನೆಟ್ ಇಲ್ಲದ ಬ್ಯಾಂಡ್ ಹೊಡೆಯಿತು, ನನ್ನ ಮದುವೆಯಾಯಿತು. ಅಣ್ಣ ಹಂದರದ ಕಂಬಕ್ಕೆ ಒರಗಿ ನಿಂತಿದ್ದ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಭೂಮದ ಊಟ, ಅಂದರೆ ಮದುಮಕ್ಕಳು ಒಂದೇ ತಾಟಿನಲ್ಲಿ ಉಣ್ಣುವುದು. ಮದುಮಗ ತುತ್ತು ಎತ್ತುವ ತನಕ ಪಂಕ್ತಿಯಲ್ಲಿ ಯಾರೂ ಕೈ ಹಾಕುವುದಿಲ್ಲ. ಮದುಮಗನಾದವನು ಈ ಹೊತ್ತಿನಲ್ಲಿ ಮುನಿಸಿಕೊಂಡು ಏನಾದರೊಂದು ಕೇಳಬೇಕು, ಮಾವನಾದವನು ಇಲ್ಲವೆನ್ನದೆ ಕೊಡಬೇಕು. ಸಾಮಾನ್ಯವಾಗಿ ಕೇಳುವುದು ರೇಡಿಯೋ, ಇಲ್ಲವೇ ಕೈಗಡಿಯಾರ. ಅಪ್ಪ ಗಡಿಯಾರವನ್ನು ಮೊದಲೇ ತಂದು ಕಿಸೆಯಲ್ಲಿ ಇಟ್ಟುಕೊಂಡಿದ್ದ.

ನಮ್ಮವರು ಪದ್ಧತಿಯ ಪ್ರಕಾರ ಮುನಿಸಿಕೊಂಡರು. "ಕೇಳ್ರಿ ಅಳಿಯಾರ," ಎಂದು ಅಪ್ಪ ಕಿಸೆಗೆ ಕೈ ಹಾಕಿದ.

"ಅವ್ರು ಆಗ ಅರ್ಧಕ್ಕ ಬಿಟ್ಟಾರಲ್ರಿ, ಅದನ್ನ ಪೂರಾ ಮಾಡ್ಲಿ," ಎಂದರು ನಮ್ಮವರು. "ಅಲ್ಲೀತನಕ ನಾ ಉಣ್ಣಂಗಿಲ್ಲ."

ಅವರಿಗೆ ಸಂಗೀತದ ಹುಚ್ಚಿತ್ತು ಎಂದು ತಿಳಿಯಬೇಡಿ. ಬಸ್ಸಿನ ಎಂಜಿನ್ ಅರ್ಧ ಬಿಚ್ಚಿಟ್ಟು ಮನೆಗೆ ಬರುವ ಜಾತಿ ಅವರದಲ್ಲ, ಅಷ್ಟೇ. ಅರ್ಧಕ್ಕೆ ನಿಂತದ್ದು ಏನೇ ಇದ್ದರೂ ಅವರಿಗೆ ತಡೆಯುತ್ತಿರಲಿಲ್ಲ.

ಅಪ್ಪನ ಮುಖ ನೋಡಬೇಕಿತ್ತು. ಅಳಿಯ ಕೇಳಿದ್ದನ್ನು ಇಲ್ಲವೆನ್ನುವ ಹಾಗಿಲ್ಲ. ಕ್ಲಾರಿನೆಟ್ ತಂದು ಅಣ್ಣನ ಕೈಯಲ್ಲಿಟ್ಟು, "ಇದೊಂದು ಸಲ. ಮುಗದ ಕೂಡ್ಲೇ ಹೊಳ್ಳಿ ಕೊಡಬೇಕು," ಎಂದ. ಮತ್ತೆ ಇಸಿದುಕೊಳ್ಳಲು ಅವನ ಪಕ್ಕದಲ್ಲೇ ನಿಂತ.

"ಆಗಿಂದು ಹೋತ್ರಿ," ಎಂದು ಅಣ್ಣ ಮೆಲ್ಲಗೆ ನಮ್ಮವರಿಗೆ ಹೇಳಿದ. "ಈಗ ಬ್ಯಾರೇದೇ ಬರ್ತದ."

"ಬ್ಯಾರೇದೇ ಬಾರ್ಸ್ರಿ. ಪೂರಾ ಮಾಡ್ರಿ."

ಅಣ್ಣ ಶುರುಮಾಡಿದ. ಎದುರಿಗೆ ಹುಗ್ಗಿ ಆರುತ್ತಿತ್ತು. ಅಷ್ಟು ಏಕಾಗ್ರ ಶ್ರೋತೃಗಳು ಮುಂಬೈಯಲ್ಲೂ ಸಿಕ್ಕಿರಲಿಕ್ಕಿಲ್ಲ. ಎಲ್ಲರ ಜೀವವೂ ಅವನ ಉಸಿರಿನ ಮೇಲೇ. ಅವನು ಉಸಿರೆಳೆಯಲು ನಿಂತರೆ ಸಾಕು, ಮುಗಿಯಿತೆಂದು ತಿಳಿದು, "ಬೇಷ್, ಭಾಳ ಬೇಷ್," ಎಂದು ಎಲ್ಲರೂ ತಾಟಿಗೆ ಕೈ ಹಾಕುವರು. ಅಪ್ಪ ಕ್ಲಾರಿನೆಟ್ಟಿಗೆ ಕೈ ಚಾಚುವನು. ಅಷ್ಟರಲ್ಲಿ ಅವನು ಮತ್ತೆ ಊದುವನು, ಎಲ್ಲರ ಕೈಯೂ ಹಿಂದಕ್ಕೆ ಬರುವುದು. "ನಾವು ಮೊದಲೇ ಹೇಳಿದ್ವಿ," ಎಂದಿದ್ದ ಹಿರಿಯರೊಬ್ಬರು ಹಸಿವು ತಡೆಯಲಾರದೆ, "ವಾಹ್, ಏನ್ ಕೈ ಅದ ಹುಡುಗಂದು," ಎಂದರು. ನಾನು ತಲೆ ತಗ್ಗಿಸಿಕೊಂಡೇ ಓರೆಗಣ್ಣಿನಲ್ಲಿ ಅಪ್ಪನನ್ನು ನೋಡುತ್ತಿದ್ದೆ. ಮೊದಮೊದಲು ಅವನು ಜನರನ್ನು ನೋಡುತ್ತಿದ್ದ. ಆಮೇಲೆ ಅಣ್ಣನ ಬೆರಳುಗಳನ್ನು ನೋಡತೊಡಗಿದ.

ಮತ್ತೊಮ್ಮೆ ಅಣ್ಣ ನಿಲ್ಲಿಸಿದ. ಈ ಸಲ ಕ್ಲಾರಿನೆಟ್ ಬಾಯಿಂದ ಕೆಳಗೂ ಇಳಿಯಿತು. ಬಹಳ ಹೊತ್ತು ಸದ್ದಿಲ್ಲ. ಬೇಷ್ ಎನ್ನುವವರೆಲ್ಲ ಬೇಷ್ ಎಂದರು. ಪೂರಾ ಆಗಲೇಬೇಕೆಂದು ಹಟ ಹಿಡಿದಿದ್ದ ನಮ್ಮವರೂ ನಿಟ್ಟುಸಿರು ಬಿಟ್ಟು, ಹುಗ್ಗಿಯ ತುತ್ತು ಎತ್ತಿದರು. ಅಣ್ಣ ಯಾರನ್ನೂ ನೋಡದೆ ಕ್ಲಾರಿನೆಟ್ಟನ್ನು ಅಪ್ಪನ ಕಡೆ ನೀಡಿದ.

ಅಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. ಚಾಚಿದ್ದ ಕೈಯನ್ನು ಅಳಿಯನ ಬಾಯಿಗೆ ಅಡ್ಡ ಹಿಡಿದ. ಅಳಿಯನ ತುತ್ತು ತಡೆದ ಮಾವ ನಮ್ಮ ಕಡೆ ಅಲ್ಲಿಯ ತನಕ ಹುಟ್ಟಿರಲಿಲ್ಲ.

"ಜರಾ ತಡೀರಿ ಅಳಿಯಾರ," ಎಂದ. "ಅಂವಂದು ಇನ್ನಾ ಮುಗದಿಲ್ಲ."