ಮೋರೇರ ಮನೆ ಒಡೆದ ಕಾಕಿ

ಹೋದ ತಿಂಗಳು ಶಹಾಪುರದ ನಮ್ಮ ಮನೆಯ ಅಂಗಳಕ್ಕೆ ಫರ್ಸಿ ಕಲ್ಲು ಹಾಸಲು ಆಳುಗಳು ಬಂದಿದ್ದರು. ಕಲ್ಲು ಕೊಯ್ಯುವ ಯಂತ್ರ ಬೆಳಗಿನಿಂದ ಕಿರುಚುತ್ತಿತ್ತು. ಕಲ್ಲು ಸುಡುವಷ್ಟು ಕಾದಾಗ ಒಬ್ಬ ತಂಬಿಗೆಯಿಂದ ನೀರು ಸುರಿದ. ಆಗ ಎದ್ದ ವಾಸನೆ... ಅದು ಮಳೆ ಬಿದ್ದ ಮಣ್ಣಿನದ್ದಲ್ಲ, ಸುಟ್ಟ ಇಟ್ಟಿಗೆಯದ್ದೂ ಅಲ್ಲ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕೈ ಹಾಗೇ ನಿಂತುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ತುಂಬಿದ ಮೇಲೆ ನನ್ನ ಗಂಡ ಬಂದು ಒಲೆ ಆರಿಸಿದರು. ಅವರಿಗೂ ವಾಸನೆ ಬಡಿದಿತ್ತು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು.

ಇಬ್ಬರಿಗೂ ನೆನಪಾದದ್ದು ಕಾಕಿ.

ಅವಳು ನಮಗೆ ರಕ್ತಸಂಬಂಧಿಯಲ್ಲ. ಸುರಪುರದ ಕಡೆಯ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ ಪಕ್ಕದ ಮನೆಯಲ್ಲಿದ್ದವಳು. ನನ್ನ ಗಂಡ ಚಿಕ್ಕಮ್ಮನಂತೆ ಭಾವಿಸಿ ಕಾಕಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಯಾದಗಿರಿ ಪೇಟೆಯಲ್ಲಿ ಬೆಳೆದ ನನಗೆ ಜೋಳದ ರೊಟ್ಟಿ ದುಂಡಗೆ ಬಡಿಯಲು ಬರುತ್ತಿರಲಿಲ್ಲ. ಹಿತ್ತಲ ಗೋಡೆಯಲ್ಲಿ ಒಂದು ಕಲ್ಲು ಬಿದ್ದ ಸಂದು ಇತ್ತು. ಕಾಕಿ ಅಲ್ಲಿಂದ ತನ್ನ ರೊಟ್ಟಿ ಕೊಟ್ಟು, ನನ್ನ ಹರಕು ರೊಟ್ಟಿಗಳನ್ನು ತೆಗೆದುಕೊಂಡು ಹೋಗುತ್ತಿದ್ದಳು. ಅತ್ತೆ ಸೊಸೆಯ ಕೈಗುಣ ಹೊಗಳುತ್ತ ಉಣ್ಣುತ್ತಿದ್ದರು. ಆ ಕಡೆ ಅವಳ ಗಂಡ ಕಾಕಾ ನನ್ನ ಹರಕು ರೊಟ್ಟಿಯನ್ನು ಸುಮ್ಮನೆ ತಿನ್ನುತ್ತಿದ್ದರು.

ಕಾಕಿಗೆ ಅಂಜಿಕೆ ಎಂಬುದೇ ಇಲ್ಲ ಎಂದು ಊರು ನಂಬಿತ್ತು. ಜೋಳ ಹಸನು ಮಾಡುವಾಗ ಮೊರದಿಂದ ಚೇಳು ಹೊರಬಂದರೆ ಕಲ್ಲಿನಿಂದ ಅರೆದು, ಅದೇ ಮಾತು ಮುಂದುವರಿಸುವವಳು. ಕಾಕಾ ಅದಕ್ಕೆ ತದ್ವಿರುದ್ಧ. ಬೆಕ್ಕು ಅಡ್ಡ ಬಂದರೆ ಅರ್ಧ ದಾರಿಯಿಂದ ಮನೆಗೆ ಬಂದು ನೀರು ಕುಡಿದು ಮತ್ತೆ ಹೊರಡುವ ಮನುಷ್ಯ.

ಅವರ ಹೊಲ ನಮ್ಮ ಹೊಲಕ್ಕೆ ಹತ್ತಿಕೊಂಡಿತ್ತು. ಅವರ ಹೊಲದ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಮೋರೇರ ಮನೆ. ಆಳೆತ್ತರವೂ ಇಲ್ಲದ ಹಾಸುಗಲ್ಲುಗಳನ್ನು ನಾಲ್ಕೂ ಕಡೆ ನಿಲ್ಲಿಸಿ, ಮೇಲೆ ಒಂದು ದೊಡ್ಡ ಚಪ್ಪಡಿ ಮುಚ್ಚಿದ್ದರು. ಮುಂದಿನ ಕಲ್ಲಿಗೆ ತೆಂಗಿನಕಾಯಿ ಹೋಗುವಷ್ಟು ದುಂಡನೆಯ ತೂತು. ಯಾರು, ಯಾವಾಗ ಕಟ್ಟಿದರೋ ಊರಲ್ಲಿ ಯಾರಿಗೂ ತಿಳಿಯದು. ಆ ತೂತಿನಲ್ಲಿ ಇಣುಕಬಾರದು ಎಂದು ಮಾತ್ರ ಎಲ್ಲರಿಗೂ ತಿಳಿದಿತ್ತು.

ಮದುವೆಯಾದ ವರ್ಷ ಎಳ್ಳಮಾಸಿ ಅಮಾವಾಸ್ಯೆಗೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಹೋದಾಗ ಅತ್ತೆ ನನಗೆ ಆ ಕಥೆ ಹೇಳಿದರು. ಮೋರೇರು ಮೊಳಕಾಲೆತ್ತರದ ಮಂದಿಯಂತೆ. ಆಕಾಶದಿಂದ ಬೆಂಕಿಯ ಮಳೆ ಬೀಳುತ್ತದೆಂದು ಅವರಿಗೆ ಮೊದಲೇ ಗೊತ್ತಾಗಿ, ಕಲ್ಲಿನ ಮನೆ ಕಟ್ಟಿಕೊಂಡು ಮಕ್ಕಳುಮರಿ ಸಮೇತ ಒಳಗೆ ಕೂತರಂತೆ. ಮಳೆ ಬಂತು, ನಿಂತಿತು. ಆದರೆ ನಿಂತಿತೆಂದು ಹೊರಗಿನಿಂದ ಕೂಗಿ ಹೇಳಲು ಯಾರೂ ಉಳಿದಿರಲಿಲ್ಲ. ಅದಕ್ಕೇ ಅವರು ಇನ್ನೂ ಒಳಗೇ ಕೂತಿದ್ದಾರೆ. ಕಲ್ಲು ಸರಿಸಿ ಬೆಳಕು ಒಳಗೆ ಬಿದ್ದರೆ ಬೆಂಕಿಯೇ ಬಿತ್ತೆಂದು ಚೀರುತ್ತಾರೆ. ಆ ಚೀರಾಟ ಯಾರ ಕಿವಿಗೆ ಬೀಳುತ್ತದೋ ಅವರ ಮಾತು ಹೋಗುತ್ತದೆ... ಅತ್ತೆ ಇದನ್ನು ದನಿ ತಗ್ಗಿಸಿ ಹೇಳಿದರು. ದಿಬ್ಬದ ಕಡೆ ಭಜ್ಜಿ ಪಲ್ಯ, ಕಡುಬು ಇಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬಂದೆವು.

ಅಷ್ಟರಲ್ಲಿ ಕಾಲುವೆ ನೀರು ಬಂತು. ಸುತ್ತಲಿನವರೆಲ್ಲ ಹೊಲ ಸಮ ಮಾಡಿ ಭತ್ತಕ್ಕೆ ಇಳಿದರು. ಕಾಕಿಯ ಹೊಲದಲ್ಲಿ ಮಾತ್ರ ನೀರು ದಿಬ್ಬದವರೆಗೆ ಬಂದು ನಿಲ್ಲುತ್ತಿತ್ತು. ಕೆಳಗಿನ ಅರ್ಧ ಹೊಲ ಒಣಗಿಯೇ ಇತ್ತು. ದಿಬ್ಬ ಕೆಡವಲು ಕಾಕಿ ಗೋಗಿಯಿಂದ ಜೆಸಿಬಿ ಕರೆಸಿದಳು. ಡ್ರೈವರ್ ಬಂದ, ದಾರಿಯಲ್ಲಿ ಯಾರೋ ಅವನಿಗೆ ಕಥೆ ಹೇಳಿದ್ದರು. ಅವನು ಇಂಜಿನ್ ಆರಿಸಿ, ಕಾಕಿ ಬಡಿಸಿದ ಊಟ ಉಂಡು, ಕೈಮುಗಿದು ವಾಪಸು ಹೋದ. ಬಿಟ್ಟುಬಿಡು ಎಂದು ಕಾಕಾ ಅಂಗಲಾಚಿದರು. ಇರುವವರಿಗಿಂತ ಇಲ್ಲದವರದ್ದೇ ಹೆಚ್ಚಾಯಿತೇ ಎಂದು ಕಾಕಿ ಜಗಳಕ್ಕೆ ನಿಂತಳು.

ನನಗಾಗ ಐದು ತಿಂಗಳು. ಒಂದು ಮಧ್ಯಾಹ್ನ ಗಂಡನಿಗೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಸೂರ್ಯ ನೆತ್ತಿಯ ಮೇಲಿದ್ದ. ಹಕ್ಕಿಯ ಸದ್ದೂ ಇರಲಿಲ್ಲ. ದಿಬ್ಬದ ಮೇಲೆ ಹೊಗೆ ಕಂಡಿತು. ಹೊಲಕ್ಕೆ ಬೆಂಕಿ ಬಿತ್ತೇನೋ ಎಂದು ಓಡಿದೆ. ನೋಡಿದರೆ, ಕಾಕಿ ಮೇಲಿನ ಚಪ್ಪಡಿಯ ಮೇಲೆ ಹತ್ತಿಯ ಕಟ್ಟಿಗೆ ಪೇರಿಸಿ ಉರಿ ಹಚ್ಚಿದ್ದಳು. ಕಲ್ಲು ಒಡೆಯುವವರು ಹೀಗೆ ಮಾಡುತ್ತಾರೆ. ಚೆನ್ನಾಗಿ ಕಾಯಿಸಿ ತಣ್ಣೀರು ಹೊಯ್ದರೆ ಬಂಡೆ ತಾನಾಗಿ ಸೀಳುತ್ತದೆ. ಕೊಡ ಅವಳ ಸೊಂಟದ ಮೇಲಿತ್ತು.

“ನೀ ಯಾಕ ಬಂದಿ ಯವ್ವಾ? ದೂರ ಹೋಗು,” ಎಂದಳು. ಆದರೆ ಆಗಲೇ ಕೊಡ ಬಾಗಿತ್ತು.

ಸದ್ದು ನನ್ನ ಹೊಟ್ಟೆಗೇ ಬಡಿದಂತಾಯಿತು. ಚಪ್ಪಡಿ ಎರಡಾಗಿ ಒಳಗೆ ಕುಸಿಯಿತು. ಅದರ ಹಿಂದೆಯೇ ಆ ದುಂಡನೆಯ ತೂತಿನಿಂದ ಒಂದು ದನಿ ಬಂತು. ಸಣ್ಣದು, ಎಳೆದದ್ದು, ಹಸಿಗೂಸು ಉಸಿರು ಸಿಗದೆ ಅತ್ತ ಹಾಗೆ... ಒಳಗಿನ ಕಾದ ಗಾಳಿ, ಹಬೆ ಹೊರಗೆ ನುಗ್ಗಿದ ಸದ್ದಿರಬೇಕು ಎಂದು ಈಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆಗ ನನಗೆ ಕಾಲು ಕೀಳಲಾಗಲಿಲ್ಲ. ನೀರು ಬಿದ್ದ ಬಿಸಿಗಲ್ಲಿನ ವಾಸನೆ ಮೂಗಿಗೆ, ಗಂಟಲಿಗೆ ಅಂಟಿಕೊಂಡಿತು.

ಹೊಗೆ ಇಳಿದ ಮೇಲೆ ಕಾಕಿ ಬಗ್ಗಿ ಒಳಗೆ ಕೈ ಹಾಕಿದಳು. ಕಪ್ಪು, ಕೆಂಪು ಬಣ್ಣದ ಒಂದು ಗಡಿಗೆ ಹೊರಬಂತು. ಅದರೊಳಗೆ ಬೂದಿಯ ನಡುವೆ ಬೆರಳಿಗಿಂತ ಸಣ್ಣ ಎಲುಬುಗಳು. ಅವಳು ಬಹಳ ಹೊತ್ತು ನೋಡಿದಳು. “ಕೂಸಿಂದದ,” ಎಂದಳು. ಗಡಿಗೆಯನ್ನು ಸೆರಗಿನಲ್ಲಿ ಸುತ್ತಿ ಬದುವಿನ ಜಾಲಿ ಗಿಡದ ಬುಡದಲ್ಲಿಟ್ಟು, ಮೇಲೆ ಚೀಲ ಮುಚ್ಚಿದಳು. ಮರುದಿನದಿಂದಲೇ, ನಿಂತ ಕಲ್ಲುಗಳನ್ನು ಹಾಗೇ ಬಿಟ್ಟು, ಅವುಗಳ ಪಕ್ಕದಲ್ಲಿ ದಿಬ್ಬ ಸೀಳಿ ನೀರಿಗೆ ತೋಡು ತೋಡಿಸಿದಳು. ನೀರು ಕೆಳಗಿನ ಹೊಲಕ್ಕೆ ಹರಿಯಿತು.

ಕೆಲವು ವಾರಗಳಾಗಿರಬೇಕು. ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಕಾಕಾನ ಕೈಯಿಂದ ಕಪ್ಪು ಜಾರಿತು. ಬಾಯಿ ಒಂದು ಕಡೆ ಎಳೆದುಕೊಂಡಿತು. ಏನೋ ಹೇಳಲು ಹೋದರು, ಮಾತು ಬರಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ಲಕ್ವಾ ಎಂದರು. ಬಿ.ಪಿ. ಬಹಳ ದಿನದಿಂದ ಹೆಚ್ಚಿತ್ತಂತೆ, ಗುಳಿಗೆ ತೆಗೆದುಕೊಂಡಿಲ್ಲವಂತೆ. ಊರಿಗೆ ಆ ವಿವರ ಬೇಕಾಗಿರಲಿಲ್ಲ, ಕಾಕಿ ಕಲ್ಲು ಒಡೆದದ್ದೇ ಗಂಡನಿಗೆ ತಟ್ಟಿತು ಎಂದರು. ಕಾಕಿಯ ಗದ್ದೆಗೆ ನಾಟಿಗೆ ಹೆಣ್ಣಾಳು ಬರುವುದು ನಿಂತಿತು. ಅತ್ತೆ ಹಿತ್ತಲ ಗೋಡೆಯ ಸಂದಿಗೆ ಕಲ್ಲು, ಮಣ್ಣು ಮೆತ್ತಿ ಮುಚ್ಚಿದರು. ನನ್ನ ತೋಳಿಗೆ ತಾಯತ ಬಂತು. ಆ ದಿನ ನಾನು ದಿಬ್ಬದ ಹತ್ತಿರ ಇದ್ದದ್ದು ಅತ್ತೆಗೆ ಗೊತ್ತಿತ್ತು. ಆದರೆ ದನಿ ಕೇಳಿದ್ದನ್ನು ನಾನು ಗಂಡನಿಗೂ ಹೇಳಿರಲಿಲ್ಲ.

ಭಯ ಎಂದರೆ ಏನೆಂದು ನಾನು ಆ ದಿನಗಳಲ್ಲಿ ಕಲಿತೆ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಹೆಸರನ್ನು ನಾನೇ ಒಮ್ಮೆ ಹೇಳಿ ನೋಡುತ್ತಿದ್ದೆ, ಬಾಯಿ ಹೊರಳುತ್ತದೋ ಇಲ್ಲವೋ ಎಂದು. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದೆ. ಒಂದು ದಿನ ಬೆಳಗಿನಿಂದ ಕೂಸು ಮಿಸುಕಲಿಲ್ಲ. ಮಧ್ಯಾಹ್ನದವರೆಗೂ ಇಲ್ಲ. ಅತ್ತೆಗೆ ಹೇಳಲು ಧೈರ್ಯವಾಗದೆ ಹಿತ್ತಲಲ್ಲಿ ಕೂತು ಅಳುತ್ತಿದ್ದೆ. ಗೋಡೆಯ ಆ ಕಡೆಯಿಂದ ಕಾಕಿ ಕರೆದಳು.

ಸಂದಿಲ್ಲದ ಗೋಡೆಗೆ ಬಾಯಿ ಹಚ್ಚಿ ಹೇಳಿದೆ: “ಕಾಕಿ, ಅವತ್ತು ನಾ ಆ ದನಿ ಕೇಳೀನ್ರಿ.”

ಆ ಕಡೆ ಕಾಕಿಯ ಬಳೆ ಗೋಡೆಗೆ ತಾಗಿತು.

“ನಾನೂ ಕೇಳೀನಿ ಯವ್ವಾ,” ಎಂದಳು. “ಅವತ್ತಿಂದ ನನಗ ನಿದ್ದಿ ಇಲ್ಲ.”

ಅವಳ ಬಾಯಿಂದ ಆ ಮಾತು ಕೇಳಿದಾಗ ಆದ ಹೆದರಿಕೆ ಚಪ್ಪಡಿ ಒಡೆದಾಗಲೂ ಆಗಿರಲಿಲ್ಲ. ಹಬೆಯೋ, ಗಾಳಿಯೋ, ನನ್ನ ಭ್ರಮೆಯೋ ಎಂದು ಹಿಡಿದುಕೊಂಡಿದ್ದ ಒಂದೇ ಆಸರೆಯೂ ಹೋಯಿತು.

ದಿಬ್ಬಕ್ಕೆ ಬಾ ಎಂದಳು, ಹೋದೆ. ಅದೇ ಬಿಸಿಲು. ಕಾಕಿ ಜಾಲಿಯ ಬುಡದಿಂದ ಗಡಿಗೆ ತೆಗೆದು, ಕೂಸನ್ನು ಮಲಗಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮನೆಯೊಳಗೆ ಇಟ್ಟಳು. ಹಾರೆ ಕೊಟ್ಟು ಮೀಟಿ, ಒಡೆದ ಚಪ್ಪಡಿಯ ತುಂಡುಗಳನ್ನು ಮೇಲೆ ಎಳೆದಳು. ನನಗೆ ಕಲ್ಲು ಮುಟ್ಟಲು ಬಿಡಲಿಲ್ಲ. ನೀರಿನ ತೋಡನ್ನು ಮಣ್ಣು ಹಾಕಿ ಮುಚ್ಚಿದಳು. ಅದು ಮುಚ್ಚಿದರೆ ಕೆಳಗಿನ ಭತ್ತ ಒಣಗುತ್ತದೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಮೊಣಕಾಲೂರಿ, ಯಾರೂ ಇಣುಕದ ಆ ತೂತಿಗೆ ಬಾಯಿ ಹಚ್ಚಿದಳು.

“ಬೆಂಕಿ ಮಳಿ ನಿಂತು ಭಾಳ ವರ್ಷ ಆತು. ನಿಮಗ ಯಾರೂ ಹೇಳಿಲ್ಲ, ನಾ ಹೇಳಾಕತ್ತೇನಿ. ಅಂಜಬ್ಯಾಡ್ರಿ, ಕೂಸಿನ್ನ ಮಲಗಿಸ್ರಿ. ಕಲ್ಲು ಒಡದಾಕಿ ನಾನು. ಈ ಹುಡುಗಿ ಏನೂ ಮಾಡಿಲ್ಲ.”

ಒಳಗಿನಿಂದ ತಣ್ಣನೆಯ ಗಾಳಿ ಬಂದಂತಾಯಿತು ನನಗೆ... ಅಥವಾ ಬೆವರಿದ ಮೈಗೆ ಹಾಗೆನ್ನಿಸಿತೋ ಏನೋ. ಹಿಂತಿರುಗಿ ನೋಡದೆ ಮನೆಗೆ ಬಂದೆವು. ಸಂಜೆ ಉಣ್ಣುವಾಗ ಕೂಸು ಹೊರಳಿತು. ದಿನವಿಡೀ ಉಪವಾಸವಿದ್ದ ಹೊಟ್ಟೆಗೆ ಅನ್ನ ಬಿದ್ದದ್ದಕ್ಕೂ ಇರಬಹುದು.

ಹೆರಿಗೆಗೆ ಶಹಾಪುರಕ್ಕೆ ಕರೆತಂದರು. ಬೇಡವೆಂದರೂ ಕಾಕಿ ಅದೇ ಟಂಟಂ ಆಟೋ ಹತ್ತಿ ಬಂದು ದವಾಖಾನೆಯ ವರಾಂಡದಲ್ಲಿ ಕೂತಿದ್ದಳಂತೆ. ಹೆಣ್ಣು ಎಂದರು. ಆದರೆ ಕೂಸು ಅಳಲಿಲ್ಲ. ನರ್ಸಮ್ಮ ಅದನ್ನು ತಲೆಕೆಳಗೆ ಹಿಡಿದು ಅಂಗಾಲಿಗೆ ತಟ್ಟುತ್ತಿದ್ದರು. ಮಾತು ಹೋಗುತ್ತದೆ, ಮಾತು ಹೋಗುತ್ತದೆ ಎಂದು ನನ್ನ ತಲೆಯೊಳಗೆ ಅತ್ತೆಯ ತಗ್ಗಿದ ದನಿ. ಬಾಗಿಲು ಅರ್ಧ ತೆರೆದಿತ್ತು. ಆಚೆ ಕಾಕಿ ಗೋಡೆ ಹಿಡಿದು ನಿಂತಿದ್ದಳು, ಅವಳ ತುಟಿ ಅಲ್ಲಾಡುತ್ತಿತ್ತು. ಅವಳು ಯಾರಿಗೆ ಏನು ಹೇಳುತ್ತಿದ್ದಳೋ ನಾನು ಎಂದೂ ಕೇಳಲಿಲ್ಲ.

ಆಮೇಲೆ ಮಗಳು ಅತ್ತಳು. ಕಾಕಿ ಗೋಡೆ ಬಿಟ್ಟು ನೆಲಕ್ಕೆ ಕೂತಳು. ಅಷ್ಟು ದಿನ ಅವಳನ್ನು ಮಾತಾಡಿಸದ ಅತ್ತೆ ಹೋಗಿ ಕೂಸನ್ನು ಅವಳ ಮಡಿಲಿಗೆ ಹಾಕಿದರು. ಕಾಕಿಗೂ ಒಂದು ಹೆಣ್ಣು ಕೂಸು ಹುಟ್ಟಿ ಹೆಸರಿಡುವ ಮೊದಲೇ ತೀರಿಕೊಂಡಿತ್ತೆಂದು, ಅದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರೆಂದು ಅತ್ತೆ ನನಗೆ ಹೇಳಿದ್ದು ಅವತ್ತು.

ಕಾಕಾಗೆ ಮಾತು ಮರಳಲೇ ಇಲ್ಲ. ಕೆಲವು ವರ್ಷ ಕಾಕಿ ಮೇಲಿನ ಅರ್ಧ ಹೊಲದಲ್ಲಷ್ಟೇ ಬೆಳೆದಳು. ಕೈಲಾಗದಾಗ ಹೊಲ ಮಾರಿ, ಕಾಕಾನ ತಂಗಿಯ ಊರು ಕೊಂಕಲ್‌ಗೆ ಹೋದರು. ಕೊಂಡವನು ದೊಡ್ಡ ಯಂತ್ರ ತಂದು ಒಂದು ಬೆಳಗಿನೊಳಗೆ ದಿಬ್ಬ, ಬದು, ಕಲ್ಲಿನ ಮನೆ ಎಲ್ಲ ಎಳೆದು ಸಮ ಮಾಡಿದ. ಅವನಿಗೆ ಏನೂ ಆಗಲಿಲ್ಲ. ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಾನೆ. ಅವನು ನಕ್ಕಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಯಾಕೆಂದು ನನಗೇ ತಿಳಿಯದು.

ಈ ಸುದ್ದಿಯನ್ನು ಫೋನಿನಲ್ಲಿ ಕಾಕಿಗೆ ಹೇಳಿದ್ದೆ. ಭತ್ತ ಹೇಗೆ ಬಂದಿದೆ ಎಂದು ಕೇಳಲಿಲ್ಲ. “ಬದುವಿನ ಮಣ್ಣು ಎಲ್ಲಿ ಒಯ್ದು ಹಾಕಿದ್ರಂತ?” ಎಂದಳು.

ಹೋದ ವರ್ಷ ಕಾಕಿ ಕೊಂಕಲ್‌ನಲ್ಲೇ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಮಾಡುತ್ತಾರೆ. ತೋಡಿದ ಕುಣಿಯ ಪಕ್ಕಕ್ಕೆ ಸಣ್ಣ ಗೂಡು ಕೊರೆದು, ಮೈತುಂಬ ವಿಭೂತಿ ಬಳಿದು, ಬಿಲ್ವಪತ್ರೆ ಇಟ್ಟು ಅವಳನ್ನು ಕೂಡಿಸಿದರು. ಮುಪ್ಪಿನಲ್ಲಿ ಕುಗ್ಗಿ ಸಣ್ಣವಳಾಗಿದ್ದಳು. ಮಣ್ಣು ಬೀಳುವಾಗ ನಾನು ಆ ಗೂಡಿನ ಕಡೆಯೇ ನೋಡುತ್ತಿದ್ದೆ. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು.

ಅಂಗಳದ ಕೆಲಸ ಮುಗಿದ ಮೇಲೆ ಮನಸ್ಸು ತಡೆಯದೆ ಕೊಂಕಲ್‌ಗೆ ಹೋಗಿದ್ದೆ. ಮಳೆಗೆ ಮಣ್ಣು ಇಳಿದು ಎಲ್ಲ ಒಂದೇ ಸಮನಾಗಿತ್ತು. ಕಾಕಿಯ ಕುಣಿ ಎಲ್ಲಿ ಎಂದು ತಿಳಿಯದೆ ನಿಂತೆ. ಕಾಕಾ ಕೋಲೂರಿಕೊಂಡು ನನ್ನ ಹಿಂದೆಯೇ ಬಂದಿದ್ದರು. ಕೋಲನ್ನು ನನ್ನ ಕೈಗೆ ಕೊಟ್ಟು, ಲಕ್ವಾ ಹೊಡೆಯದ ಎಡಗೈಯನ್ನು ನೆಲಕ್ಕೆ ಊರಿ, ಇಲ್ಲಿ ಎಂದು ತೋರಿಸಿದರು. ನಾನು ಸುತ್ತಲಿನ ಮಣ್ಣನ್ನು ಬರಿಗೈಯಿಂದ ಎಳೆದು ಅಲ್ಲಿ ಗುಡ್ಡೆ ಮಾಡಿದೆ. ಅವರು ನೋಡುತ್ತ ಕೂತಿದ್ದರು. ಮುಂದಿನ ಮಳೆಗೆ ಅದೂ ಇಳಿಯುತ್ತದೆ. ಆ ಜಾಗದ ಗುರುತು ಇಟ್ಟುಕೊಂಡವರು ಈಗ ನಾವಿಬ್ಬರೇ, ಅವರಲ್ಲಿ ಒಬ್ಬರಿಗೆ ಮಾತಿಲ್ಲ...