ನನ್ನ ಎಡಗಾಲನ್ನು ತಿದ್ದಿದವರು

ಬೆಳಿಗ್ಗೆ ಅಂಗಡಿ ತೆಗೆಯುವಾಗ ಅವರ ಹಣೆಯ ಮೇಲೆ ಮೂರು ಬಿಳಿ ಗೆರೆಗಳಿರುತ್ತಿದ್ದವು. ಹನ್ನೊಂದು ಗಂಟೆಯ ಹೊತ್ತಿಗೆ ಅವು ನಾಲ್ಕಾಗುತ್ತಿದ್ದವು. ನಾಲ್ಕನೆಯದು ಗ್ರೀಸಿನದು. ಬೆವರು ಒರೆಸಿಕೊಳ್ಳುವಾಗ ಬೆರಳಿನ ಹಿಂಬದಿಯನ್ನು ಹುಬ್ಬಿನ ಮೇಲೆ ಎಳೆದುಕೊಳ್ಳುವ ಅಭ್ಯಾಸ ಅವರಿಗೆ. ಆ ಕಪ್ಪು ಗೆರೆ ವಿಭೂತಿಯನ್ನು ಒಂದು ದಿನವೂ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ವಿಲ್ಸನ್ ಗಾರ್ಡನ್ನಿನ ಒಂದು ಅಡ್ಡರಸ್ತೆಯಲ್ಲಿ ಅವರ ಗ್ಯಾರೇಜು. ಮೂವತ್ತು ವರ್ಷ ಸ್ಕೂಟರು, ಬೈಕುಗಳನ್ನೇ ಬಿಚ್ಚಿ ಜೋಡಿಸಿದವರು. ಬಂದ ಗಾಡಿಗಳನ್ನು ಅವುಗಳ ಮಾಲೀಕರ ಹೆಸರಿನಿಂದಲೇ ಕರೆಯುತ್ತಿದ್ದರು. ‘ಮೇಷ್ಟ್ರು ಆಯಿಲ್ ಕುಡೀತಿದಾರೆ’, ‘ಡಾಕ್ಟರಮ್ಮಂಗೆ ಬ್ರೇಕೇ ಇಲ್ಲ’ ಎಂದೆಲ್ಲ ಗಂಭೀರವಾಗಿ ಹೇಳುವಾಗ ಹೊಸಬರು ತಬ್ಬಿಬ್ಬಾಗುತ್ತಿದ್ದರು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಅವರಿಗೆ ನಾನು ಎದುರಿಗೆ ಅಮ್ಮ, ಫೋನಿನಲ್ಲಿ ಮೇಡಂ.

ಎರಡು ವರ್ಷದ ಹಿಂದೆ ಬಿಳೇಕಹಳ್ಳಿಯ ಹತ್ತಿರ ನಾನು ಸ್ಕೂಟರಿನಿಂದ ಬಿದ್ದೆ. ಮುಂದಿದ್ದ ನೀರಿನ ಟ್ಯಾಂಕರ್ ತಟ್ಟನೆ ನಿಂತಿತು, ನಾನು ಜಾರಿದೆ. ಮೊಣಕೈ ತರಚಿತು, ಅಷ್ಟೇ. ಆದರೆ ಆಮೇಲೆ ಸ್ಕೂಟರಿನ ಮೇಲೆ ಕೂತರೆ ಕೈ ನಡುಗುವುದು ನಿಲ್ಲಲಿಲ್ಲ. ಅದನ್ನು ಮೊದಲಿನಿಂದ ರಿಪೇರಿ ಮಾಡುತ್ತಿದ್ದ ಅಂಕಲ್ಲೇ ಮಾರಿಯೂ ಕೊಟ್ಟರು. ಯಾಕೆ ಎಂದು ಕೇಳಲಿಲ್ಲ. ಆಮೇಲೆ ನಾನು ಜೆ.ಪಿ. ನಗರದಿಂದ ಮೆಟ್ರೋ ಹಿಡಿದು ಓಡಾಡುವವಳಾದೆ. ಕೇಳಿದವರಿಗೆ ಪಾರ್ಕಿಂಗ್ ಸಿಗಲ್ಲ ಎನ್ನುತ್ತಿದ್ದೆ.

ಆಫೀಸಿನವರೆಲ್ಲ ಒಂದು ಫಾರ್ಮಿಗೆ ಹೋಗಿದ್ದಾಗ ಅಲ್ಲಿ ಬಾಡಿಗೆಗೆ ಕ್ವಾಡ್ ಬೈಕ್ ಇತ್ತು. ನಾಲ್ಕು ದಪ್ಪ ಚಕ್ರ, ಮೇಲೆ ಬೈಕಿನಂಥ ಸೀಟು ಮತ್ತು ಹ್ಯಾಂಡಲ್. ಇಪ್ಪತ್ತು ನಿಮಿಷ ಓಡಿಸಿ ಇಳಿದಾಗ ಗಮನಿಸಿದೆ, ಕೈ ನಡುಗಿರಲಿಲ್ಲ. ಎರಡು ತಿಂಗಳಲ್ಲಿ ಸ್ವಂತದ್ದೊಂದನ್ನು ಕೊಂಡೆ. ಫಾರ್ಮಿನ ಥರದ್ದಲ್ಲ, ರೇಸಿನ ಜಾತಿಯದು, ಕೆಂಪು. ಅಮ್ಮನಿಗೆ ಡೆಲಿವರಿಯ ದಿನ ಬೆಳಿಗ್ಗೆ ಹೇಳಿದೆ. ಅಮ್ಮ ದೋಸೆ ಕಾವಲಿಯ ಮುಂದೆ ನಿಂತೇ ಇದ್ದರು, ದೋಸೆ ಸೀದುಹೋಯಿತು.

ಬೆಚ್ಚುವ ನನ್ನ ಸರದಿ ಮಧ್ಯಾಹ್ನ ಷೋರೂಮಿನಲ್ಲಿ ಬಂತು. ಔಷಧ ಕಂಪನಿಯೊಂದರಲ್ಲಿ ವರದಿ ತಿದ್ದುವುದು ನನ್ನ ಕೆಲಸ. ಏನನ್ನೂ ಎರಡು ಸಲ ಓದದೆ ಬಿಡುವವಳಲ್ಲ. ಅಂಥವಳು, ಇದಕ್ಕೆ ನಂಬರ್ ಪ್ಲೇಟೇ ಸಿಗುವುದಿಲ್ಲ, ಇದನ್ನು ರಸ್ತೆಗೆ ಇಳಿಸುವಂತಿಲ್ಲ ಎಂಬುದನ್ನು ಓದಿರಲಿಲ್ಲ. ‘ಇದು ಮಣ್ಣಿಗೆ ಮಾತ್ರ ಮೇಡಂ, ಗೊತ್ತಿದ್ದೇ ತಗೊಂಡ್ರಿ ಅನ್ಕೊಂಡೆ’ ಎಂದ ಷೋರೂಮಿನವನು. ಫುಟ್‌ಪಾತಿನ ಮೇಲೆ ನಿಂತು ಅಂಕಲ್‌ಗೆ ಫೋನ್ ಮಾಡಿದೆ. ‘ಗೂಡ್ಸ್ ಗಾಡೀಲಿ ಹಾಕ್ಸಿ ಕಳ್ಸಿ ಮೇಡಂ, ನಮ್ಮಲ್ಲೇ ಇರ್ಲಿ’ ಎಂದರು.

ಗಾಡಿ ಇಳಿದಾಗ ಅದರ ಸುತ್ತ ಎರಡು ಸುತ್ತು ಬಂದು ಪಕ್ಕದ ಟೀ ಅಂಗಡಿಯತ್ತ ಕೂಗಿದರು. ‘ಬೀಗರು ಬಂದಿದಾರೆ, ಒಂದು ಒಳ್ಳೇ ಕಾಫಿ ಕಳ್ಸಪ್ಪ.’ ಆ ದಿನದಿಂದ ಕ್ವಾಡ್‌ಗೆ ಬೀಗರು ಎಂದೇ ಹೆಸರು. ಮುನಿಸಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಕೇಳಿದ್ದನ್ನು ಕೊಡಬೇಕು, ಏನು ಹೇಳಿದರೂ ಹೂಂ ಅನ್ನಬೇಕು.

‘ನಿಮಗೆ ಇದರ ಕೆಲಸ ಗೊತ್ತಾ ಅಂಕಲ್?’ ಎಂದೆ.

‘ಇಂಜಿನ್ ಇಂಜಿನ್ನೇ ಅಲ್ವೇನಮ್ಮ’ ಎಂದರು.

ಪ್ರತಿ ಭಾನುವಾರ ಬೀಗರು ಗೂಡ್ಸ್ ಗಾಡಿಯಲ್ಲಿ ಕೂತು ಕನಕಪುರ ರಸ್ತೆಯಾಚೆಯ ಒಂದು ಮಣ್ಣಿನ ಟ್ರ್ಯಾಕಿಗೆ ಹೋಗುತ್ತಿದ್ದರು, ನಾನು ಡ್ರೈವರ್ ಪಕ್ಕದಲ್ಲಿ. ನನ್ನ ಕ್ವಾಡ್ ಫಾರ್ಮಿನದರಂತೆ ಸಾಧುವಲ್ಲ ಎಂದು ಮೊದಲ ಸುತ್ತಿನಲ್ಲೇ ತಿಳಿಯಿತು. ಸ್ಕೂಟರು ನಾವು ವಾಲಿದ ಕಡೆ ಬರುತ್ತದೆ. ಇದು ಬರುವುದಿಲ್ಲ. ಹ್ಯಾಂಡಲನ್ನು ತೋಳಿನ ಬಲದಿಂದ ಎಳೆಯಬೇಕು, ತಿರುವಿನ ಒಳಗಡೆಗೆ ಇಡೀ ಮೈಯನ್ನು ಚಾಚಬೇಕು. ಆಕ್ಸಿಲರೇಟರ್ ತಿರುಚುವುದಲ್ಲ, ಹೆಬ್ಬೆರಳಿನಿಂದ ಒತ್ತುವುದು. ಸೋಮವಾರ ಆಫೀಸಿನಲ್ಲಿ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಆದರೂ ವಾರವಿಡೀ ಭಾನುವಾರಕ್ಕೆ ಕಾಯುತ್ತಿದ್ದೆ.

ಒಂದೇ ಕೊರತೆ, ವೇಗ. ಎಷ್ಟು ಒತ್ತಿದರೂ ಒಂದು ಹಂತದ ಮೇಲೆ ಏರುತ್ತಿರಲಿಲ್ಲ. ಬೇರೆ ಸೈಲೆನ್ಸರ್ ಹಾಕಿಸಿದರೆ ಸರಿಹೋಗುತ್ತದೆಂದು ಎಲ್ಲೋ ಓದಿ ಅಂಕಲ್‌ಗೆ ಹೇಳಿದೆ.

‘ಹಾಕೋಣ. ಮೊದ್ಲು ಎರಡೂ ಕಡೆ ಪೈಪ್ ಬೆಸೆದು ನವಾರದ್ದು ಬಲೆ ನೇಯ್ತೀನಿ. ಕಾಲಿಗೆ ಆಸರೆ.’

ಮಂಚಕ್ಕೆ ನೇಯುವ ಆ ಪಟ್ಟಿಯನ್ನು ನನ್ನ ಕೆಂಪು ಗಾಡಿಗೆ ಕಟ್ಟುವುದನ್ನು ಊಹಿಸಿಕೊಂಡು ‘ಬೇಡ ಅಂಕಲ್, ಚೆನ್ನಾಗಿ ಕಾಣಲ್ಲ’ ಎಂದೆ. ಅವರು ಮತ್ತೊಮ್ಮೆ ಏನೋ ಹೇಳಹೊರಟು, ‘ಆಯ್ತು, ಬೀಗರ ಇಷ್ಟ’ ಎಂದು ಕುಂಟುತ್ತಾ ಒಳಗೆ ಹೋದರು. ಆಗೆಲ್ಲ ಅವರಿಗೆ ಮಂಡಿ ನೋವು.

ಹೊಸ ಸೈಲೆನ್ಸರಿನಿಂದ ಸದ್ದು ಹೆಚ್ಚಿತು, ವೇಗ ಅಷ್ಟೇ ಉಳಿಯಿತು. ಟ್ರ್ಯಾಕಿನಲ್ಲಿ ಇನ್ನೊಂದು ಕ್ವಾಡ್ ಓಡಿಸುತ್ತಿದ್ದ ಬಿಟಿಎಂ ಲೇಔಟಿನ ಒಬ್ಬಾತ ಬಗ್ಗಿ ನೋಡಿದ. ‘ಅಕ್ಕ, ಇಲ್ಲೊಂದು ಸ್ಕ್ರೂ ಇರುತ್ತೆ, ಕಲಿಯೋರಿಗೆ ಅಂತ. ಇದನ್ನ ಪೂರ್ತಿ ಒಳಗೆ ತಿರುಗ್ಸಿದಾರೆ. ನಿಮ್ಮ ಹೆಬ್ಬೆಟ್ಟು ಅರ್ಧದಲ್ಲೇ ನಿಲ್ತಿದೆ. ಯಾರಕ್ಕ ನಿಮ್ಮ ಮೆಕ್ಯಾನಿಕ್ಕು?’

ನನ್ನ ಕಿವಿ ಬಿಸಿಯಾಯಿತು. ಗಾಡಿ ಮುಟ್ಟುವವರು ಅಂಕಲ್ ಒಬ್ಬರೇ. ಮೂರು ತಿಂಗಳು ನಾನು ಅವರ ಮುಂದೆ ವೇಗವಿಲ್ಲವೆಂದು ಗೊಣಗಿದ್ದೆ. ಅವರು ಹೂಂಗುಟ್ಟುತ್ತಾ ಸೈಲೆನ್ಸರ್ ಕೂಡ ಹಾಕಿಕೊಟ್ಟಿದ್ದರು. ಆತನ ಕೈಯಲ್ಲೇ ಸ್ಕ್ರೂ ತೆಗೆಸಿದೆ.

ಕ್ವಾಡ್ ನೆಗೆಯಿತು. ಎರಡನೆಯ ತಿರುವಿನಲ್ಲಿ ಒಳಗಿನ ಚಕ್ರಗಳು ನೆಲ ಬಿಟ್ಟವು. ಸ್ಕೂಟರು ಓಡಿಸುವ ಯಾರಾದರೂ ಮಾಡುವುದನ್ನೇ ನನ್ನ ಎಡಗಾಲು ಮಾಡಿತು. ನನ್ನನ್ನು ಕೇಳದೆ ಹೊರಗೆ ಹೋಗಿ ನೆಲಕ್ಕೆ ಊರಿಕೊಂಡಿತು. ಸ್ಕೂಟರಿಗಾದರೆ ಹಿಂದೆ ಬರಿ ಗಾಳಿ. ಇಲ್ಲಿ ಹಿಂಬದಿಯ ಚಕ್ರ ಕಾಲಿನ ಹಿಂದೆಯೇ ಬರುತ್ತಿರುತ್ತದೆ. ಅದು ಹಿಮ್ಮಡಿಯಿಂದ ಮೀನಖಂಡದವರೆಗೆ ಹತ್ತಿತು. ನನ್ನದೇ ಗಾಡಿ ನನ್ನನ್ನು ಹತ್ತುತ್ತಿದೆ ಎಂಬುದನ್ನು ನಂಬಲಾಗದೆ ಅದನ್ನೇ ನೋಡುತ್ತಾ ಬಿದ್ದೆ. ಬೂಟು ಗಟ್ಟಿಯಾಗಿದ್ದರಿಂದ ಮೂಳೆ ಉಳಿಯಿತು.

ನಾಲ್ಕನೆಯ ದಿನ ಕಾಲಿಗೆ ಪಟ್ಟಿ ಸುತ್ತಿಕೊಂಡು, ಊರುಗೋಲು ಹಿಡಿದು ಆಟೋದಲ್ಲಿ ಗ್ಯಾರೇಜಿಗೆ ಹೋದೆ. ಹೇಳಬೇಕಾದ ವಾಕ್ಯಗಳನ್ನು ದಾರಿಯಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಒಂದೇ.

‘ನನ್ನನ್ನ ಕೇಳದೆ ಸ್ಕ್ರೂ ಯಾಕೆ ತಿರುಗಿಸಿದ್ರಿ?’

ಅವರು ನನ್ನ ಕಾಲಿನ ಪಟ್ಟಿಯನ್ನು ನೋಡಿದರು. ‘ಎಡಗಾಲಾ?’ ಎಂದರು. ಸ್ಟೂಲ್ ಎಳೆದು ನನ್ನನ್ನು ಕೂರಿಸಿದರು. ಆಮೇಲೆ ತಮ್ಮ ಪ್ಯಾಂಟನ್ನು ಮಂಡಿಯವರೆಗೆ ಮಡಿಸಿದರು. ಎಡ ಮೀನಖಂಡದ ಮೇಲೆ ಟೈರಿನ ಕಚ್ಚುಗಳ ಗುರುತು ಸಾಲಾಗಿ ಕಪ್ಪುಗಟ್ಟಿತ್ತು.

‘ಬಂದ ದಿನಾನೇ. ನಿಮ್ಮ ಕೈಗೆ ಕೊಡೋ ಮುಂಚೆ ನೋಡೋಣ ಅಂತ ಹಿಂದಿನ ಖಾಲಿ ಸೈಟಲ್ಲಿ ಓಡಿಸ್ದೆ. ಮೂವತ್ತು ವರ್ಷದ ಕಾಲು, ತಾನೇ ಹೋಯ್ತು.’

ಊರುಗೋಲನ್ನು ಗೋಡೆಗೆ ಒರಗಿಸಿ ಆ ಗುರುತಿನ ಹತ್ತಿರ ಬಗ್ಗಿದೆ.

‘ಅವತ್ತೇ ಹೇಳ್ಬೇಕಿತ್ತಮ್ಮ. ಟೀ ಅಂಗ್ಡಿಯವನು ನೋಡ್ತಿದ್ದ, ಮಂಡಿ ನೋವು ಅಂದ್ಬಿಟ್ಟೆ. ಆಮೇಲೆ ನಿಮಗೂ ಅದನ್ನೇ ಅಂದೆ. ಗಾಡಿ ಗೊತ್ತು ಅಂತ ಜಂಬ ಕೊಚ್ಕೊಂಡು, ಮೊದಲ ದಿನಾನೇ ಅದರ ಕೆಳಗೆ ಹೋದೆ ಅಂತ ಹೇಗೆ ಹೇಳೋದು. ಅದಕ್ಕೇ ಸ್ಕ್ರೂ. ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ಹೋಗಿ ನಿಮ್ಮ ಕಾಲು ಕಳೀತಿದ್ದೆ.’

ಅವರ ಕಣ್ಣು ತುಂಬಿತ್ತು. ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ. ನಾನು ಹೇಳಿದ್ದು, ‘ಬಲೆ ನೇಯಿರಿ ಅಂಕಲ್’ ಎಂದಷ್ಟೇ.

ನವಾರದ ಬಲೆ ಕೆಂಪು ಗಾಡಿಗೆ ಸ್ವಲ್ಪವೂ ಒಪ್ಪಲಿಲ್ಲ. ‘ಇದು ಮರೆತಾಗ ಹಿಡಿಯೋಕೆ. ಮರೆಯೋದು ಬೇಡ’ ಎಂದವರು, ಕಾಲು ವಾಸಿಯಾದ ಮೇಲೆ ಪಾಠ ಶುರು ಮಾಡಿದರು. ಗ್ಯಾರೇಜಿನಲ್ಲಿ ಇಂಜಿನ್ ಆರಿಸಿದ ಕ್ವಾಡ್ ಮೇಲೆ ನಾನು ಕೂರಬೇಕು. ಅವರು ಹಿಂದಿನಿಂದ ಗೊತ್ತಾಗದಂತೆ ಬಂದು ಒಂದು ಪಕ್ಕವನ್ನು ಎತ್ತಿ ಕುಲುಕುವರು. ಕಾಲು ಪೆಡಲ್ ಬಿಟ್ಟರೆ ಸುರುಳಿ ಸುತ್ತಿದ ಒರೆಸುವ ಬಟ್ಟೆಯಿಂದ ಬೂಟಿನ ಮೇಲೆ ಒಂದು ಏಟು. ‘ಎಲ್ಲಿಗೆ ಹೊರಟ್ರು?’ ಎಂದು ನನ್ನನ್ನಲ್ಲ, ಕಾಲನ್ನು ಕೇಳುವರು. ಒಮ್ಮೆ ನಾನು ಅವರನ್ನೇ ಕೂರಿಸಿ ಕುಲುಕಿದೆ. ಅವರ ಕಾಲೂ ಹೋಯಿತು. ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಬೂಟು ಚಾಚಿದರು. ಅಷ್ಟು ಜೋರಾಗಿ ನಾನು ಹೊರಗೆಲ್ಲೂ ನಕ್ಕವಳಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವರೂ ಟ್ರ್ಯಾಕಿಗೆ ಬಂದರು. ತೆಗೆಸಿದ್ದ ಸ್ಕ್ರೂವನ್ನು ನಾನೇ ಮತ್ತೆ ಹಾಕಿ ಪೂರ್ತಿ ಒಳಗೆ ತಿರುಗಿಸಿದೆ. ಬೆಳಗಿಡೀ ಕಾಲು ಹೊರಗೆ ಹೋಗದಿದ್ದರೆ ಮಾತ್ರ ಸ್ಕ್ರೂ ಅರ್ಧ ಸುತ್ತು ಹೊರಗೆ ಬರಬೇಕು. ತಿರುಗಿಸುವವಳು ನಾನೇ, ಅವರು ಕೈ ಕಟ್ಟಿಕೊಂಡು ನಿಲ್ಲುವರು. ‘ನಿಮ್ಮ ಗಾಡಿ, ನಿಮ್ಮ ಕೈ. ಆ ಸ್ಕ್ರೂನ ನಾನು ಇನ್ನೊಂದು ಸಲ ಮುಟ್ಟಲ್ಲ.’ ಎಂಟು ತಿಂಗಳು ಹಿಡಿಯಿತು. ಸ್ಕ್ರೂ ಪೂರ್ತಿ ಹೊರಬಂದ ಬೆಳಿಗ್ಗೆ, ನಾನು ಬಿದ್ದಿದ್ದ ತಿರುವನ್ನು ಅದೇ ವೇಗದಲ್ಲಿ ದಾಟಿದೆ. ಬಂದು ನಿಂತಾಗ ಅವರು ನನ್ನ ಬೂಟುಗಳನ್ನಷ್ಟೇ ನೋಡಿ, ‘ಇಬ್ಬರೂ ಮನೇಲೇ ಇದ್ರು’ ಎಂದರು.

ಹೋದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅವರ ಹೆಂಡತಿ. ‘ನಿಮ್ಮ ಅಂಕಲ್ ಹೋಗ್ಬಿಟ್ರಮ್ಮ. ಬೆಳಗಿನ ಜಾವ ಸ್ನಾನ ಮುಗಿಸಿ ಎದೆ ಹಿಡ್ಕೊಂಡು ಕೂತ್ರು, ಅಷ್ಟೇ. ಹನ್ನೊಂದಕ್ಕೆ ತಗೊಂಡು ಹೋಗ್ತಾರೆ.’ ಸೋಮವಾರವಷ್ಟೇ ಅವರು ಬೀಗರಿಗೆ ಚೈನ್ ಬಿಗಿ ಮಾಡಿದ್ದೇನೆ ಎಂದು ಮೆಸೇಜ್ ಹಾಕಿದ್ದರು. ನಾನು ಆ ಮೆಸೇಜನ್ನು ತೆಗೆದು ಎರಡು ಸಲ ಓದಿದೆ.

ಹತ್ತು ಗಂಟೆಯಾಗಿತ್ತು. ಕ್ಯಾಬುಗಳು ಒಂದರ ಹಿಂದೊಂದು ಕ್ಯಾನ್ಸಲ್ ಆದವು, ಆಟೋ ನಿಲ್ಲಲಿಲ್ಲ. ತಂಗಿಯ ಸ್ಕೂಟರಿನ ಕೀ ಗೋಡೆಯ ಮೇಲಿತ್ತು. ಯೋಚಿಸಲು ಹೊತ್ತು ಕೊಡದೆ ಹೊರಟೆ.

ಜಯನಗರದ ಒಂದು ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮೆಲ್ಲಗೆ ಬ್ರೇಕ್ ಹಿಡಿದು ನಿಲ್ಲಿಸಿದೆ. ಎರಡೂ ಕಾಲು ಇದ್ದಲ್ಲೇ ಇದ್ದವು. ಸ್ಕೂಟರು ನಿಧಾನವಾಗಿ ಎಡಕ್ಕೆ ವಾಲಿತು, ನಾನೂ ಅದರ ಜೊತೆಗೇ ವಾಲುತ್ತಾ ಹೋಗಿ ರಸ್ತೆಯ ಮೇಲೆ ಮಲಗಿದೆ. ಹಿಂದಿನಿಂದ ಇಬ್ಬರು ಓಡಿಬಂದರು.

‘ಏನ್ ಮೇಡಂ, ನಿಂತ ಗಾಡೀಲಿ ಬಿದ್ರಿ’ ಎಂದರು ಹೆಲ್ಮೆಟ್ ಹಾಕಿದ ಹಿರಿಯರೊಬ್ಬರು, ಸ್ಕೂಟರ್ ಎತ್ತುತ್ತಾ. ‘ಕಾಲು ಊರೋದು ಹೇಳ್ಕೊಟ್ಟಿಲ್ವಾ ಯಾರೂ?’

ನಾನು ಅಳುತ್ತಿದ್ದೆ. ಪೆಟ್ಟಾಯಿತೇನೋ ಎಂದುಕೊಂಡು ಅವರು ನೀರಿನ ಬಾಟಲಿ ಚಾಚಿದರು. ಅದನ್ನು ಹಿಡಿದ ನನ್ನ ಕೈ ನೋಡಿಕೊಂಡೆ. ನಡುಗುತ್ತಿರಲಿಲ್ಲ. ಮತ್ತೆ ಹತ್ತಿ ಕೂತೆ. ವಿಲ್ಸನ್ ಗಾರ್ಡನ್ ತಲುಪುವವರೆಗೆ ಇನ್ನೂ ಮೂರು ಸಿಗ್ನಲ್ ಸಿಕ್ಕವು. ಮೂರರಲ್ಲೂ, ಕಾಲು ಊರು, ಕಾಲು ಊರು ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಳ್ಳಬೇಕಾಯಿತು.